ಯಲ್ಲದಕೆರೆಯಿಂದ ಧಾರವಾಡದ ಅಟ್ಟಕ್ಕೆ

ಅರವತ್ತು ತುಂಬಿದ ಉಪಾಧ್ಯಾಯನೊಬ್ಬನು ಬೆಳಗಿನ ಬಸ್ಸಿಗೆ ಕೈಚೀಲ ಹಿಡಿದು ನಿಂತನೆಂದರೆ ನಮ್ಮ ಯಲ್ಲದಕೆರೆಯ ಜನರು ಎರಡೇ ಊಹೆಗಳನ್ನು ಮಾಡುವರು. ಒಂದೋ ಪಿಂಚಣಿಯ ಕಾಗದಪತ್ರಗಳ ತೊಡಕು, ಇಲ್ಲವೇ ತೀರ್ಥಯಾತ್ರೆ. ಧಾರವಾಡಕ್ಕೆ ಹೊರಟಿದ್ದೇನೆಂದು ನಾನು ಹೇಳಿದಾಗ, "ಅಲ್ಲಿ ಯಾವ ದೇವರು ಮೇಷ್ಟ್ರೇ?" ಎಂದು ಒಬ್ಬರು ಕೇಳಿಯೇಬಿಟ್ಟರು. ದೇವರಲ್ಲ, ನಾಟಕ ಬರೆದ ಒಬ್ಬರು ಬೆಳೆದ ಊರು ಎಂದೆ. ಅವರಿಗೆ ಅಷ್ಟರಿಂದಲೇ ಸಮಾಧಾನವಾಯಿತು. ನಮ್ಮ ಸೀಮೆಯಲ್ಲಿ ನಾಟಕವೆಂಬುದು ದೇವರಿಗಿಂತ ಬಹಳ ದೂರದ ವಸ್ತುವಲ್ಲ.

ಹಿರಿಯೂರು ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕವಾಡುವ ವಾಡಿಕೆಯುಂಟಷ್ಟೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಊರಿನಲ್ಲಿ ನಿಲ್ಲುವರು. ಸೀನರಿಯೂ ಕಿರೀಟ ಗದೆಗಳೂ ಬಾಡಿಗೆಗೆ ಬರುವುವು. ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ದುರ್ಯೋಧನನಾಗಿ ಮೀಸೆ ತಿರುವುವನು. ನನ್ನ ಪಾಲಿಗೆ ಬರುತ್ತಿದ್ದುದು ಉಚ್ಚಾರಣೆಯ ತಿದ್ದುಪಡಿ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಎಷ್ಟು ತಿದ್ದಿದರೂ ರಂಗದ ಮೇಲೆ ಭೀಮನು ತನಗೆ ತೋಚಿದಂತೆಯೇ ಗರ್ಜಿಸುತ್ತಿದ್ದನೆಂಬುದು ಬೇರೆ ಮಾತು. ಒಂದು ವರ್ಷ ನಾನೇ ಭೀಷ್ಮನಾಗಿ ನಿಂತೆನು. ತಂದೆಯ ಸುಖಕ್ಕಾಗಿ ರಾಜ್ಯವನ್ನೂ ವಿವಾಹವನ್ನೂ ತೊರೆದ ಮಗನ ಪ್ರತಿಜ್ಞೆಯನ್ನು ನುಡಿದಾಗ ಜನರು ಕಣ್ಣೊರಸಿಕೊಂಡರು. ಶಾಲೆಯಲ್ಲಿಯೂ ನಾನು ಮೂವತ್ತು ವರ್ಷ ಇದನ್ನೇ ಹೇಳಿದವನು: ಶ್ರೀರಾಮ, ದೇವವ್ರತ, ಪೂರು. ಅದರಲ್ಲಿಯೂ ಯಯಾತಿಯ ಮುಪ್ಪನ್ನು ತಾನು ಹೊತ್ತು ತನ್ನ ಯೌವನವನ್ನು ತಂದೆಗಿತ್ತ ಪೂರುವಿನ ಕಥೆಯನ್ನು ಹೇಳುವಾಗ ನನ್ನ ಧ್ವನಿ ತಾನಾಗಿಯೇ ಏರುತ್ತಿತ್ತು.

ಈಗ ಮನೆಯ ಮಾತೊಂದನ್ನು ವಾಚಕರ ಮುಂದಿಡಬೇಕಾಗಿದೆ. 2022ರಲ್ಲಿ ನಮ್ಮ ಕಡೆ ಹಿಂದೆಂದೂ ಕಾಣದಂಥ ಮಳೆ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರ ತರುವಾಯ ಮೊದಲ ಬಾರಿಗೆ ಕೋಡಿ ಬಿದ್ದುದು ಆ ವರ್ಷವೇ. ಎಂಬತ್ತೊಂಬತ್ತು ವರ್ಷಗಳ ಮೇಲೆ ಬಂದ ಆ ಸಂಭ್ರಮವನ್ನು ನೋಡಲು ಜಿಲ್ಲೆಯೇ ನೆರೆದಿದ್ದಿತು. ನಾನು ಮಾತ್ರ ತೋಟದ ಬದುವಿನಲ್ಲಿ ಜಾರಿ, ಕಾಲು ಮುರಿದುಕೊಂಡು ಹಾಸಿಗೆಯಲ್ಲಿದ್ದೆ. ಮಡದಿ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು. ಒಬ್ಬನೇ ಮಗ, ಪುಣೆಯಲ್ಲಿ ಒಳ್ಳೆಯ ಕೆಲಸದಲ್ಲಿದ್ದನು, ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ತೋಟ ಹಾಳಾಗುತ್ತಿದೆ, ಬರುವುದಾದರೆ ಬಾ ಎಂದು ಬರೆದೆ. ಬರುವುದಾದರೆ ಎಂಬ ಪದವನ್ನು ಮಗನಾದವನು ಹೇಗೆ ಓದಿಕೊಳ್ಳುವನೆಂಬುದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾದೀತು. ಅವನು ಬಂದನು. ಊರಿನವರು ಅವನನ್ನು ಪೂರುವಿಗೆ ಹೋಲಿಸಿ ಹೊಗಳಿದರು. ನಾನು ಹಾಸಿಗೆಯಲ್ಲಿದ್ದುಕೊಂಡೇ ಹಿಗ್ಗಿದೆನು.

ಕಳೆದ ವರ್ಷ ಒಂದು ಸಂಜೆ ಸೊಸೆಯು ನನ್ನ ಮೇಜಿನ ಮೇಲೆ ಒಂದು ತೆಳ್ಳಗಿನ ಪುಸ್ತಕವನ್ನಿಟ್ಟು, "ಮಾವ, ಬಿಡುವಾದಾಗ ಓದಿ," ಎಂದಷ್ಟೇ ಹೇಳಿ ಒಳಕ್ಕೆ ಹೋದಳು. ಗಿರೀಶ ಕಾರ್ನಾಡರ 'ಯಯಾತಿ'. ಕಾರ್ನಾಡರ ಹೆಸರು ನನಗೆ ಹೊಸದಲ್ಲ. 1987ರಲ್ಲಿ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬರುತ್ತಿದ್ದಾಗ, ಸ್ವಾಮಿಯ ತಂದೆಯಾಗಿ ಗಂಭೀರವಾಗಿ ಕುಳಿತಿದ್ದ ಅವರನ್ನು ಊರಿನವರೊಡನೆ ನಾನೂ ನೋಡಿದ್ದೆನು. ನಟರೆಂದು ಬಲ್ಲೆ, ನಾಟಕಕಾರರೆಂದು ಪರೀಕ್ಷೆಯ ಪ್ರಶ್ನೆಗೆ ಬೇಕಾದಷ್ಟು ಬಲ್ಲೆ. ಪುಸ್ತಕವನ್ನು ಮಾತ್ರ ತೆರೆದಿರಲಿಲ್ಲ. ಪುರಾಣವನ್ನು ಈ ಕಾಲದವರು ಮುಟ್ಟಿದರೆ ಕೆಡಿಸುವರೆಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು.

ಆ ರಾತ್ರಿ ಓದಿ ಮುಗಿಸಿದೆ. ಮಹಾಭಾರತದ ಆದಿಪರ್ವದಲ್ಲಿ ಯಯಾತಿಯು ಐವರು ಪುತ್ರರನ್ನೂ ಕೇಳುವನು, ನಾಲ್ವರು ಒಲ್ಲೆವೆನ್ನುವರು, ಕಿರಿಯವನಾದ ಪೂರು ಒಪ್ಪುವನು, ಸಾವಿರ ವರ್ಷ ಭೋಗಿಸಿದ ಮೇಲೆ ತಂದೆಯು ಯೌವನವನ್ನು ಹಿಂದಿರುಗಿಸಿ ರಾಜ್ಯವನ್ನು ಅವನಿಗೇ ಕೊಡುವನು. ಆ ಪ್ರಸಂಗದಲ್ಲಿ ಪೂರುವಿನ ಪತ್ನಿಯ ಮಾತೇ ಇಲ್ಲ. ಕಾರ್ನಾಡರು ಅಲ್ಲಿ ಚಿತ್ರಲೇಖೆಯೆಂಬ ನವವಧುವನ್ನು ತಂದು ನಿಲ್ಲಿಸಿದ್ದಾರೆ. ಗಂಡನು ಒಂದು ರಾತ್ರಿಯಲ್ಲಿ ವೃದ್ಧನಾದುದನ್ನು ಕಂಡ ಆ ಹುಡುಗಿಯು ಮಾವನನ್ನೇ ಎದುರಿಸಿ ನಿಲ್ಲುವಳು. ಗಂಡನ ಯೌವನವು ನಿನ್ನಲ್ಲಿರುವುದಾದರೆ ನನ್ನ ಗತಿಯೇನೆಂಬ ಅವಳ ಪ್ರಶ್ನೆಗೆ ಚಕ್ರವರ್ತಿಯಲ್ಲಿ ಉತ್ತರವಿಲ್ಲ. ಅವಳು ವಿಷ ಕುಡಿಯುವಳು. ಮೂವತ್ತು ವರ್ಷ ಆ ಕಥೆಯನ್ನು ಪಾಠ ಹೇಳಿದ ನನಗೆ ಪೂರುವಿಗೆ ಮದುವೆಯಾಗಿದ್ದಿರಬಹುದೆಂದು ಒಮ್ಮೆಯಾದರೂ ಹೊಳೆಯಲಿಲ್ಲ!

ನಮ್ಮ ಸೊಸೆ ಪುಣೆಯಲ್ಲಿ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಕಾಗದವನ್ನು ನಾನು ಮಗನಿಗೆ ಬರೆದಿದ್ದೆನು.

ಈ ನಾಟಕವನ್ನು ಬರೆದವರು ಯಾರು, ಎಲ್ಲಿಯ ನೀರು ಕುಡಿದು ಬೆಳೆದವರು ಎಂಬ ಕುತೂಹಲವು ಅಂದಿನಿಂದ ನನ್ನನ್ನು ಬಿಡಲಿಲ್ಲ. ಅದೇ ಈ ಪ್ರಯಾಣಕ್ಕೆ ಕಾರಣ.

ದಾರಿಯ ವರ್ಣನೆಯನ್ನು ಬೆಳೆಸುವುದಿಲ್ಲ. ಹಿರಿಯೂರಿನಲ್ಲಿ ಬಸ್ಸು ಬದಲಾಯಿಸಿ ಹೆದ್ದಾರಿ ಹಿಡಿದರೆ ದುರ್ಗದ ಬಂಡೆಗಳು ಎಡಗಡೆಗೆ ತೋರಿ ಮರೆಯಾಗುವುವು. ದಾವಣಗೆರೆಯ ತರುವಾಯ ಹರಿಹರದಲ್ಲಿ ತುಂಗಭದ್ರೆ. ಹಿಂದೆ ಮೈಸೂರು ಸಂಸ್ಥಾನದ ಸರಹದ್ದು ಇದೇ. ಹೊಳೆಯಾಚೆ ಮುಂಬಯಿ ಪ್ರಾಂತ. ಸೇತುವೆ ದಾಟಿ ಎರಡು ಊರು ಕಳೆಯುವಷ್ಟರಲ್ಲಿ ಬಸ್ಸಿನೊಳಗಿನ ಕನ್ನಡವೇ ಬದಲಾಯಿತು. ಪಕ್ಕದವರು "ಎಲ್ಲಿಗೆ ಹೊಂಟೀರಿ ಮಾಸ್ತರ್ರ?" ಎಂದರು, ನಾನು ಮೇಷ್ಟ್ರೆಂದು ಹೇಗೆ ತಿಳಿಯಿತೋ ನಾನರಿಯೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ 'ಚಿಗರಿ' ಎಂಬ ಬಸ್ಸುಗಳು ತಮ್ಮದೇ ಪ್ರತ್ಯೇಕ ಪಥದಲ್ಲಿ ಓಡುತ್ತವೆ. ಚಿಗರಿಯೆಂದರೆ ಜಿಂಕೆ. ಸರಕಾರದ ವಾಹನಕ್ಕೆ ಇಷ್ಟು ಚೆಲುವಾದ ಹೆಸರಿಟ್ಟವರನ್ನು ಮನಸ್ಸಿನಲ್ಲಿಯೇ ಅಭಿನಂದಿಸಿದೆನು.

ಧಾರವಾಡದ ಸುಭಾಸ ರಸ್ತೆ ಅಂಗಡಿಗಳ ಬೀದಿ. ಅಲ್ಲಿಯೇ ಮನೋಹರ ಗ್ರಂಥಮಾಲೆ. ಊರಿನವರ ಬಾಯಲ್ಲಿ ಅದು 'ಅಟ್ಟ'. 1933ರಲ್ಲಿ ಇದನ್ನು ಆರಂಭಿಸಿದವರಲ್ಲಿ ಪ್ರಮುಖರಾದ ಜಿ. ಬಿ. ಜೋಶಿಯವರು ತಾವೂ 'ಜಡಭರತ' ಎಂಬ ಹೆಸರಿನಲ್ಲಿ ನಾಟಕ ಬರೆದವರು. ಬೇಂದ್ರೆಯವರೂ ಕೀರ್ತಿನಾಥ ಕುರ್ತಕೋಟಿಯವರೂ ಒಡನಾಡಿದ ಸ್ಥಳವಿದು. ಮುರಿದು ಕೂಡಿದ ಕಾಲಿನಿಂದ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿದೆ. ಮೇಲೆ ಪುಸ್ತಕಗಳ ರಾಶಿ, ಹಳೆಯ ಕಾಗದದ ವಾಸನೆ. "ಬರ್ರಿ, ಕೂಡ್ರಿ. ಮೊದಲ ನೀರು ಕುಡೀರಿ," ಎಂದು ಅಲ್ಲಿದ್ದ ತರುಣರೊಬ್ಬರು ಕುರ್ಚಿ ಕೊಟ್ಟರು. ನಾನು ಏನು ಕೊಳ್ಳುವೆನೆಂದು ಅವರು ಕೇಳಲೇ ಇಲ್ಲ. ಎಷ್ಟು ಹೊತ್ತು ಕುಳಿತೆನೋ!

ಇಪ್ಪತ್ತೆರಡು ವರ್ಷದ ಹುಡುಗನೊಬ್ಬನು ಬರೆದ ಮೊದಲ ನಾಟಕ 1961ರಲ್ಲಿ ಪುಸ್ತಕವಾಗಿ ಹೊರಬಿದ್ದುದು ಈ ಅಟ್ಟದಿಂದಲೇ. ಕಾರ್ನಾಡರು ಹುಟ್ಟಿದ್ದು 1938ರ ಮೇ 19ರಂದು ಮಾಥೇರಾನದಲ್ಲಿ. ತಂದೆ ರಘುನಾಥರು ವೈದ್ಯರು. ತಾಯಿ ಕೃಷ್ಣಾಬಾಯಿಯವರು ಬಾಲ್ಯದಲ್ಲಿಯೇ ವಿವಾಹವಾಗಿ, ಒಂದು ಮಗುವಿನೊಡನೆ ವೈಧವ್ಯವನ್ನು ಅನುಭವಿಸಿ, ದಾದಿಯ ಕೆಲಸ ಕಲಿತು, ಲೋಕಾಪವಾದವನ್ನು ಸಹಿಸಿ ಪುನರ್ವಿವಾಹವಾದ ಧೀರೆ. ಈ ಮಗು ಗರ್ಭದಲ್ಲಿದ್ದಾಗ, ಇನ್ನು ಮಕ್ಕಳು ಬೇಡವೆಂದು ನಿಶ್ಚಯಿಸಿ ದಂಪತಿಗಳು ಪುಣೆಯ ಒಬ್ಬ ವೈದ್ಯೆಯ ಚಿಕಿತ್ಸಾಲಯಕ್ಕೆ ಹೋದರಂತೆ. ಆ ವೈದ್ಯೆ ಅಂದು ಬರಲಿಲ್ಲ. ಕಾದು ಬೇಸತ್ತು ಮನೆಗೆ ಹಿಂದಿರುಗಿದರು. ತಮ್ಮ ಆತ್ಮಕಥೆಯಾದ 'ಆಡಾಡತ ಆಯುಷ್ಯ'ವನ್ನು ಕಾರ್ನಾಡರು, ಆ ದಿನ ಬಾರದೆ ಹೋದ ವೈದ್ಯೆಗೇ ಅರ್ಪಿಸಿದ್ದಾರೆ. ಇದನ್ನು ಅಟ್ಟದಲ್ಲಿ ಕುಳಿತು ಓದಿ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡೆ.

ಬಾಲ್ಯ ಶಿರಸಿಯಲ್ಲಿ ಕಳೆಯಿತು. ಊರಿಗೆ ಬಂದ ನಾಟಕ ಕಂಪನಿಗಳ ಆಟಗಳನ್ನೂ ಬಯಲಿನ ಯಕ್ಷಗಾನವನ್ನೂ ಕಣ್ತುಂಬ ನೋಡಿದ ಹುಡುಗ ಮುಂದೆ ಮುಂಬಯಿಯಲ್ಲಿ ಅಲ್ಕಾಜಿಯವರು ಆಡಿಸಿದ ಸ್ಟ್ರಿಂಡ್‌ಬರ್ಗನ ನಾಟಕವನ್ನು ಕಂಡನು. ಅಲ್ಲಿ ಪರದೆ ಬೀಳುವ ಬದಲು ದೀಪಗಳು ಮೆಲ್ಲಮೆಲ್ಲನೆ ಮಂಕಾಗಿ ಆರಿದುವು. ನಮ್ಮ ಹಳ್ಳಿಯ ರಂಗದಲ್ಲಿ ದೀಪ ಮಂಕಾದರೆ ವಿದ್ಯುಚ್ಛಕ್ತಿ ಮಂಡಳಿಯನ್ನು ಬೈಯುತ್ತೇವೆ. ಅವರಿಗೆ ಅದೊಂದು ದರ್ಶನವಾಯಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಸಂಖ್ಯಾಶಾಸ್ತ್ರಗಳನ್ನು ಓದಿ 1958ರಲ್ಲಿ ಪದವೀಧರರಾದರು. ರೋಡ್ಸ್ ವಿದ್ಯಾರ್ಥಿವೇತನ ದೊರೆತು ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆ ನಡೆದಾಗ ಮನೆಯಲ್ಲಿ ಸಂತೋಷಕ್ಕಿಂತ ಆತಂಕವೇ ಹೆಚ್ಚಿತ್ತು: ಮಗ ಹಿಂದಿರುಗುವನೋ ಇಲ್ಲವೋ, ಅಲ್ಲಿಯ ಹೆಣ್ಣನ್ನು ಮದುವೆಯಾಗಿಬಿಡುವನೋ! ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ತರುಣನು, ಆ ದಿನಗಳಲ್ಲಿ ತನಗೇ ಆಶ್ಚರ್ಯವಾಗುವಂತೆ ಕನ್ನಡದಲ್ಲಿ ನಾಟಕವನ್ನು ಬರೆದನು. ವಸ್ತು, ಮಗನ ಬಾಳನ್ನು ಬೇಡಿದ ತಂದೆ. ಮನೆಯವರು ತನ್ನ ಮೇಲೆ ಹೊರಿಸಿದ್ದ ಭಾರವೇ ಆ ನಾಟಕದ ಬೀಜವೆಂದು ಅವರೇ ಹೇಳಿಕೊಂಡಿದ್ದಾರೆ. ವಿಶೇಷವೆಂದರೆ ಆ ತಂದೆತಾಯಿಗಳು ತಡೆಯಲಿಲ್ಲ. ಮಗನು ಹೋದನು, 1963ರಲ್ಲಿ ಹಿಂದಿರುಗಿಯೂ ಬಂದನು.

ಮುಂದಿನದು ನಾಡಿಗೆಲ್ಲ ತಿಳಿದುದೇ. ಇತಿಹಾಸದ ವಸ್ತುವಿನ ಬಗೆಗೆ ಕುರ್ತಕೋಟಿಯವರಾಡಿದ ಮಾತೊಂದರ ಪ್ರೇರಣೆಯಿಂದ 1964ರ 'ತುಘಲಕ್', ಮೊಂಡಾದ ತಲೆಗಳು ಅದಲುಬದಲಾದ ಬೇತಾಳ ಕಥೆಯಿಂದ 1971ರ 'ಹಯವದನ', 1998ರ ಜ್ಞಾನಪೀಠ. 1970ರಲ್ಲಿ ತೆರೆಕಂಡ 'ಸಂಸ್ಕಾರ' ಚಿತ್ರದಲ್ಲಿ ಪ್ರಾಣೇಶಾಚಾರ್ಯರಾದರು. ಅಗ್ರಹಾರದಲ್ಲಿ ಒಂದು ಶವಕ್ಕೆ ಸಂಸ್ಕಾರ ಮಾಡುವವರಾರೆಂಬ ಜಿಜ್ಞಾಸೆಯಲ್ಲಿ ಬೇಯುವ ಆಚಾರ್ಯರ ಪಾತ್ರ ಅದು. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಯಾವ ವಿಧಿಯೂ ಇಲ್ಲದೆ, ಸರಕಾರದ ಮರ್ಯಾದೆಯೂ ಇಲ್ಲದೆ ಅಗ್ನಿಗೊಪ್ಪಿಸಿದರು. ಮಂತ್ರ ಕಲಿತ ನನಗೆ ಇದು ಒಪ್ಪಿಗೆಯಲ್ಲ. ಆದರೆ ಆಡಿದಂತೆ ನಡೆದರೆಂಬುದನ್ನು ಅಲ್ಲಗಳೆಯಲಾರೆ.

ಅಮೆರಿಕದ ಮಾತನ್ನೂ ಹೇಳಬೇಕು. 1987ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅಧ್ಯಾಪಕರಾಗಿದ್ದವರು ನಮ್ಮ ಮೈಸೂರಿನ ಎ. ಕೆ. ರಾಮಾನುಜನ್. ಅವರಿಂದ ಕೇಳಿದ ಎರಡು ಅಜ್ಜಿಕಥೆಗಳೇ 'ನಾಗಮಂಡಲ'ವಾದುವು; 1993ರಲ್ಲಿ ಮಿನಿಯಾಪೊಲಿಸ್ ನಗರದ ಗತ್ರೀ ರಂಗಮಂದಿರದವರು ಅದನ್ನು ಆಡಿದರು. ಅದೇ ಮಂದಿರದವರಿಗಾಗಿ ಮಹಾಭಾರತದ ಯವಕ್ರೀತನ ಉಪಾಖ್ಯಾನವನ್ನು ಹಿಡಿದು 'ಅಗ್ನಿ ಮತ್ತು ಮಳೆ'ಯನ್ನು ಸಿದ್ಧಪಡಿಸಿದರು. ತಂದೆ ಭರದ್ವಾಜರ ಮಾತು ಕೇಳದ ಮಗನ ಕಥೆ. ನನ್ನ ವಿದ್ಯಾರ್ಥಿಗಳಿಗೆ ಅದನ್ನೂ ಹೇಳಿದ್ದೇನೆ. ಅವರಂತೆ ನಾಟಕಕಾರರೂ ಚಿತ್ರನಟರೂ ಆಗಿದ್ದ ಸ್ಯಾಮ್ ಶೆಪರ್ಡ್ ಎಂಬವರು ಆ ದೇಶದಲ್ಲಿದ್ದರು. 1943ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡರು. ಪುಲಿಟ್ಜರ್ ಪ್ರಶಸ್ತಿ ಪಡೆದ ಅವರ ನಾಟಕವೂ ಇಲಿನಾಯ್ ಪ್ರಾಂತದ ಒಂದು ಹೊಲಮನೆಯಲ್ಲಿ, ಮುದಿ ತಂದೆಯ ಮತ್ತು ಅವನ ಮಕ್ಕಳ ನಡುವೆಯೇ ನಡೆಯುತ್ತದೆ. ಹೊಲ ಎಲ್ಲಿದ್ದರೇನು, ಜಗುಲಿಯ ಮೇಲೆ ಕುಳಿತ ಮುದುಕನು ಒಬ್ಬನೇ ಎಂದುಕೊಂಡೆ.

ಮರುದಿನ ಸಾಧನಕೇರಿಗೂ, ಕಾರ್ನಾಡರ ಮನೆಯಿದ್ದ ಸಾರಸ್ವತಪುರದ ಬೀದಿಗಳಿಗೂ ಹೋಗಿ ಬಂದೆ. ಮಧ್ಯಾಹ್ನ ಒಂದು ಪೊಟ್ಟಣ ಪೇಢೆ ಕೊಂಡು ಬಸ್ಸು ಹತ್ತಿದೆ.

ಯಲ್ಲದಕೆರೆಯಲ್ಲಿ ಇಳಿದಾಗ ಬೆಳಗಾಗುತ್ತಿತ್ತು. ಮಗನು ತೋಟದಲ್ಲಿ ಮೋಟಾರು ಹಾಕಲು ಹೋಗಿದ್ದನು. ಸೊಸೆಯು ಕಾಫಿ ತಂದಿಟ್ಟು ಹಿಂದಿರುಗುವಷ್ಟರಲ್ಲಿ, "ಕೂತುಕೊಳ್ಳಮ್ಮ," ಎಂದೆ. ಅವಳು ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಳು. ದಾರಿಯುದ್ದಕ್ಕೂ ಒಂದು ದೊಡ್ಡ ಮಾತನ್ನು ಕಟ್ಟಿಕೊಂಡು ಬಂದಿದ್ದೆನು. ಬಾಯಿಗೆ ಬಂದುದು ಇಷ್ಟೆ:

"ಆ ಕಾಗದ ಬರೆಯುವಾಗ ನಿನ್ನನ್ನೂ ಕೇಳಬೇಕಾಗಿತ್ತು. ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ತೋಟವನ್ನು ಗುತ್ತಿಗೆಗೆ ಕೊಡಬಹುದು. ನನ್ನ ಕಾಲು ನೆಟ್ಟಗಾಗಿದೆ. ನಿನಗೆ ಇಲ್ಲಿರುವುದು ಇಷ್ಟವೋ, ಶಾಲೆಗೆ ಹಿಂದಿರುಗುವುದು ಇಷ್ಟವೋ?"

ಅವಳು ಬಹಳ ಹೊತ್ತು ನೆಲವನ್ನೇ ನೋಡುತ್ತಿದ್ದಳು. ಆಮೇಲೆ, "ಯೋಚನೆ ಮಾಡಿ ಹೇಳ್ತೀನಿ ಮಾವ," ಎಂದಳು. ಪೇಢೆಯ ಪೊಟ್ಟಣವನ್ನು ಬಿಚ್ಚಿ ಒಂದನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಸರಿಸಿ, ಉಳಿದುದನ್ನು ಒಳಕ್ಕೆ ತೆಗೆದುಕೊಂಡು ಹೋದಳು. ತೋಟದ ಕಡೆಯಿಂದ ಮೋಟಾರಿನ ಸದ್ದು ಕೇಳತೊಡಗಿತು.