ಹಡಗಿನ ಹುಡುಗನ ಬಗ್ಗೆ ನಾವು ಬರೆಯದೆ ಬಿಟ್ಟಿದ್ದು

ನಮ್ಮ ಕಡೆ ನೀರು ಅಂದರೆ ಎರಡೇ ಪ್ರಶ್ನೆ. ಬೋರ್‌ವೆಲ್‌ನಲ್ಲಿ ಎಷ್ಟು ಇಂಚು ಬಿತ್ತು, ಕೆರೆ ಕೋಡಿ ಹರಿಯಿತಾ ಇಲ್ಲವಾ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಹೀಗೆ ತಾಲೂಕಿಗೊಬ್ಬರಂತೆ ನಾವು ನಾಲ್ವರು ತುಮಕೂರಿನ ಒಂದೇ ರೂಮಿನಲ್ಲಿದ್ದು ಪತ್ರಿಕೋದ್ಯಮ ಓದಿದವರು. ಜಯಮಂಗಲಿ ಎರಡು ದಡ ತುಂಬಿ ಹರಿದರೆ ಬೈಕ್ ಹತ್ತಿ ನೋಡಲು ಹೋಗುವ ಜನ ನಾವು. ಸಮುದ್ರ ಕಂಡಿದ್ದು ಕಾಲೇಜಿನ ಟೂರ್‌ನಲ್ಲಿ, ಪಣಂಬೂರಿನಲ್ಲಿ. ದೂರದಲ್ಲಿ ನಿಂತಿದ್ದ ಹಡಗುಗಳ ಮುಂದೆ ಸೆಲ್ಫಿ ತೆಗೆದುಕೊಂಡೆವು. ಅದರೊಳಗೆ ಯಾರು ಏನು ಕೆಲಸ ಮಾಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ.

ಹಾಗಾಗಿ ಮಧುಗಿರಿ ಕಡೆಯ ನಮ್ಮ ಗೆಳೆಯನೊಬ್ಬ ಹಡಗಿನ ಕೆಲಸಕ್ಕೆ ಸೇರಿ 2019ರ ಬೇಸಿಗೆಯಲ್ಲಿ ರಜೆಗೆ ಊರಿಗೆ ಬಂದಾಗ ನಮಗೆ ಸುದ್ದಿ ಸಿಕ್ಕಿತು. ಅವನ ತಾತ ಊರಿನ ಕೆರೆಯ ನೀರುಗಂಟಿ. ತಾತ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವರು, ಮೊಮ್ಮಗ ಏಳು ಸಮುದ್ರ ಸುತ್ತುವವನು. ಇದಕ್ಕಿಂತ ಒಳ್ಳೆಯ ಸ್ಟೋರಿ ಬೇಕಾ? ಬರದ ನಾಡಿನಿಂದ ಸಾಗರಕ್ಕೆ ಎಂದು ಹೆಡ್ಡಿಂಗ್ ಕೊಟ್ಟೆವು. ಬಿಳಿ ಯೂನಿಫಾರಂ ಹಾಕಿದ ಅವನ ಫೋಟೋ ದೊಡ್ಡದಾಗಿ ಬಂತು. ಸಂಬಳ ಡಾಲರಿನಲ್ಲಿ ಎಂದು ಬರೆದೆವು, ನೋಡಿದ ದೇಶಗಳ ಪಟ್ಟಿ ಬರೆದೆವು. ಊರಿನವರು ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿದರು. ನಾವೂ ಬೀಗಿದೆವು.

ಆರೇಳು ತಿಂಗಳ ನಂತರ ಪಾವಗಡ ಕಡೆಯಿಂದ ಒಬ್ಬ ರೈತರು ನಮ್ಮನ್ನು ಹುಡುಕಿಕೊಂಡು ಬಂದರು. ಜೇಬಿನಲ್ಲಿ ಅದೇ ಪೇಪರ್ ಕಟಿಂಗಿನ ಜೆರಾಕ್ಸ್ ಇತ್ತು. ಯಾರೋ ಏಜೆಂಟ್ ನಮ್ಮ ಲೇಖನವನ್ನು ವಾಟ್ಸಾಪ್‌ನಲ್ಲಿ ಹಂಚಿ, ಕೆಳಗೆ ತನ್ನ ನಂಬರ್ ಹಾಕಿಕೊಂಡಿದ್ದ. ತಿರುಮಣಿ ಕಡೆಯ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಜಮೀನಿನ ದುಡ್ಡು, ಎರಡು ಸೀಮೆಹಸು ಮಾರಿದ ದುಡ್ಡು, ಹೆಂಡತಿಯ ಸರ ಒತ್ತೆ ಇಟ್ಟ ದುಡ್ಡು, ಎಲ್ಲ ಸೇರಿಸಿ ಎರಡೂವರೆ ಲಕ್ಷ ಕಟ್ಟಿದ್ದರು. ಮಗನಿಗೆ ಯಾವುದೋ ಹೊರದೇಶದ ಹೆಸರಿನ ಪುಸ್ತಕವೊಂದನ್ನು ಕೊಟ್ಟು ಮುಂಬೈನ ಲಾಡ್ಜ್‌ನಲ್ಲಿ ಎರಡು ತಿಂಗಳು ಕೂರಿಸಿದ್ದರು. ಹಡಗು ಇವತ್ತು ಬರುತ್ತದೆ, ನಾಳೆ ಬರುತ್ತದೆ. ಕೊನೆಗೆ ಏಜೆಂಟ್‌ನ ಫೋನ್ ಸ್ವಿಚ್ ಆಫ್.

"ಪೇಪರ್‌ನಾಗೆ ನೀವೇ ಬರ್ದಿದ್ರಲ್ಲಪ್ಪ, ನಂಬ್ದೆ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾವು ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಕೆಲಸಕ್ಕೆ ಸೇರುವ ದಾರಿ ಯಾವುದು, ಸೇರಿದ ಮೇಲೆ ಮಾಡುವ ಕೆಲಸ ಯಾವುದು, ಎರಡೂ ಇರಲಿಲ್ಲ. ಗೆಳೆಯನನ್ನು ಕೂರಿಸಿಕೊಂಡು ಸರಿಯಾಗಿ ಕೇಳಬೇಕೆಂದರೆ ಅವನು ಆಗಲೇ ಮತ್ತೆ ಹಡಗು ಹತ್ತಿಯಾಗಿತ್ತು. 2019ರ ನವೆಂಬರ್‌ನಲ್ಲಿ ಒಂಬತ್ತು ತಿಂಗಳ ಕರಾರಿಗೆ ಹೋದವನು ಕೊರೊನಾ ಕಾರಣಕ್ಕೆ ಇಳಿಯಲಾಗದೆ ಹದಿನಾಲ್ಕು ತಿಂಗಳು ಅಲ್ಲೇ ಉಳಿದ. 2020ರ ಕೊನೆಯ ಹೊತ್ತಿಗೆ ಜಗತ್ತಿನಾದ್ಯಂತ ಅವನಂತೆ ಕರಾರು ಮುಗಿದರೂ ಹಡಗಿನಲ್ಲೇ ಉಳಿದವರು ಸುಮಾರು 4 ಲಕ್ಷ ಜನ. ಅವನ ಅಮ್ಮ ಆ ವರ್ಷ ನಮಗೆ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಬಸ್ಸಾದ್ರೆ ನಿಲ್ಸಿ ಇಳೀಬೋದಿತ್ತು."

2021ರ ಜನವರಿಯಲ್ಲಿ ಬಂದ. ಕೆರೆ ಏರಿಯ ಮೇಲೆ ಕೂತು ಒಂದು ಇಡೀ ಸಂಜೆ ಮಾತಾಡಿದೆವು. ಈ ಸಲ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆವು.

"ಲೋ, ಆ ಬಿಳಿ ಬಟ್ಟೆ ಟ್ರೈನಿಂಗ್‌ನಲ್ಲಿ ಕೊಟ್ಟಿದ್ದು. ಹಡಗಲ್ಲಿ ನಂದು ಬಾಯ್ಲರ್ ಸೂಟು ಕಣ್ರೋ" ಎಂದು ಶುರು ಮಾಡಿದ.

ಅವನು ಡೆಕ್ಕಿನ ಆಳು. ಕ್ಯಾಪ್ಟನ್, ಚೀಫ್ ಆಫೀಸರ್ ಎಲ್ಲ ಮೇಲಿನವರು. ಡೆಕ್ಕಿನ ಆಳುಗಳ ಮೇಸ್ತ್ರಿ ಬೋಸನ್. ಅವನ ಕೆಳಗೆ ಅನುಭವಿಗಳಾದ ಎಬಿ, ಅವರ ಕೆಳಗೆ ಓಎಸ್, ಎಲ್ಲರಿಗಿಂತ ಕೆಳಗೆ ಟ್ರೈನಿ. ಹಗಲಿನ ದೊಡ್ಡ ಕೆಲಸ ತುಕ್ಕು ತೆಗೆಯುವುದು. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಸುತ್ತಿಗೆಯಲ್ಲಿ ಕುಟ್ಟಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಪ್ರೈಮರ್ ಬಳಿದು, ಮೇಲೆ ಬಣ್ಣ ಹೊಡೆಯಬೇಕು. ಹಡಗಿನ ಈ ತುದಿಯಿಂದ ಆ ತುದಿ ಮುಗಿಸುವಷ್ಟರಲ್ಲಿ ಮೊದಲು ಮಾಡಿದ ಕಡೆ ಮತ್ತೆ ತುಕ್ಕು. "ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತಂಗೆ" ಅಂದ.

ಕಾವಲಿನ ಪಾಳಿ ಬಂದಾಗ ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ರಾತ್ರಿ ಬ್ರಿಡ್ಜ್‌ನಲ್ಲಿ ದೀಪ ಆರಿಸಿಕೊಂಡು ಕತ್ತಲಲ್ಲೇ ನಿಂತು ನೋಡುತ್ತಿರಬೇಕು. ಮೀನುಗಾರರ ಸಣ್ಣ ದೋಣಿಯ ದೀಪ ಕಂಡರೂ ಅಧಿಕಾರಿಗೆ ಹೇಳಬೇಕು. ಚುಕ್ಕಾಣಿ ಹಿಡಿದಾಗ ಅಧಿಕಾರಿ ಕೊಟ್ಟ ಆಜ್ಞೆಯನ್ನು ಅದೇ ಪದಗಳಲ್ಲಿ ತಿರುಗಿ ಹೇಳಿ ಆಮೇಲೆ ತಿರುಗಿಸಬೇಕು, ತಪ್ಪು ಕೇಳಿಸಿಕೊಂಡಿದ್ದರೆ ಅಲ್ಲೇ ಗೊತ್ತಾಗಲಿ ಎಂದು. ನಿಯಮದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಬಂದರು ಹತ್ತಿರ ಬಂದಾಗ ನಿದ್ದೆ ಹರಿದು ಹಂಚಿಹೋಗುತ್ತದೆ ಎಂದ.

ಅವನು ಹೆದರುವುದು ಅಲೆಗಲ್ಲ, ಹಗ್ಗಕ್ಕೆ. ಹಡಗನ್ನು ದಕ್ಕೆಗೆ ಕಟ್ಟುವ ಹಗ್ಗ ಮುಂಗೈ ಗಾತ್ರ ಇರುತ್ತದೆ. ಎಳೆತ ಹೆಚ್ಚಾಗಿ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ, ಆ ದಾರಿಯಲ್ಲಿ ನಿಂತವರ ಕೈಕಾಲು ಉಳಿಯುವುದಿಲ್ಲ. ಇನ್ನೊಂದು ಭಯ, ಮುಚ್ಚಿದ ಟ್ಯಾಂಕು ಮತ್ತು ಸರಕಿನ ಕೋಣೆಗಳು. ಒಳಗೆ ಹಿಡಿಯುವ ತುಕ್ಕೇ ಆಮ್ಲಜನಕ ತಿಂದುಬಿಡುತ್ತದೆ, ಕಲ್ಲಿದ್ದಲು ತುಂಬಿದ್ದರೂ ಅಷ್ಟೇ. ಮೀಟರ್ ಇಟ್ಟು ಗಾಳಿ ಪರೀಕ್ಷಿಸದೆ ಇಳಿಯುವಂತಿಲ್ಲ. ಇಳಿದು ಬಿದ್ದವನನ್ನು ಎತ್ತಲು ಹೋದವನೂ ಸಾಯುತ್ತಾನೆ. ನಮ್ಮ ಕಡೆ ಹಳೇ ಬಾವಿ ಹೂಳೆತ್ತುವ ಮೊದಲು ಹಿರಿಯರು ಉರಿಯುವ ಲಾಟೀನು ಇಳಿಬಿಟ್ಟು ನೋಡುತ್ತಿದ್ದುದು ನೆನಪಾಯಿತು.

"ತಾತನ ಕೆಲಸ ನಾನೂ ಮಾಡ್ತೀನಿ" ಎಂದು ನಕ್ಕ. ಹಡಗಿನ ಟ್ಯಾಂಕುಗಳಲ್ಲಿ ಎಷ್ಟು ನೀರಿದೆ ಎಂದು ಕೊಳವೆಯೊಳಗೆ ಅಳತೆ ಟೇಪು ಇಳಿಬಿಟ್ಟು ನೋಡಿ ಬರೆಯುವುದು ಅವನ ಪಾಲಿನ ಕೆಲಸಗಳಲ್ಲೊಂದು. ಲೆಕ್ಕಕ್ಕಿಂತ ಹೆಚ್ಚು ನೀರು ಕಂಡರೆ ಎಲ್ಲೋ ತೂತಾಗಿದೆ ಎಂದು ಅರ್ಥ. ತಾತ ನೋಡುತ್ತಿದ್ದುದು ತೂಬಿನ ಕಲ್ಲಿನ ಗುರುತು. ಅವರಿಗೆ ನೀರು ಕಮ್ಮಿಯಾದರೆ ಭಯ, ಇವನಿಗೆ ಹೆಚ್ಚಾದರೆ.

ಇನ್ನು ದಾರಿಯ ವಿಷಯ. ಇದನ್ನು ನಾವು 2019ರಲ್ಲೇ ಬರೆಯಬೇಕಿತ್ತು.

ಆಳಾಗಿ ಸೇರಲು ವಿಜ್ಞಾನ, ಗಣಿತ, ಇಂಗ್ಲಿಷ್ ಓದಿದ ಎಸ್ಸೆಸ್ಸೆಲ್ಸಿ ಬೇಕು, ಹದಿನೇಳೂವರೆ ವರ್ಷ ತುಂಬಿರಬೇಕು. ಕಣ್ಣು ಚೆನ್ನಾಗಿರಬೇಕು, ಬಣ್ಣಗುರುಡು ಇದ್ದರೆ ಡೆಕ್ ಕೆಲಸ ಸಿಗುವುದಿಲ್ಲ, ಯಾಕೆಂದರೆ ಎದುರಿನ ಹಡಗಿನ ಕೆಂಪು, ಹಸಿರು ದೀಪ ನೋಡಿಯೇ ಅದು ಯಾವ ಕಡೆಗೆ ಹೊರಟಿದೆ ಎಂದು ತಿಳಿಯಬೇಕು. ಡಿಜಿ ಶಿಪ್ಪಿಂಗ್ ಮಾನ್ಯತೆ ಇರುವ ಸಂಸ್ಥೆಯಲ್ಲಿ ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸ್ ಮಾಡಬೇಕು. ಪ್ರತಿಯೊಬ್ಬರಿಗೂ ಇಂಡೋಸ್ ನಂಬರ್ ಇರುತ್ತದೆ, ಸಿಡಿಸಿ ಎಂಬ ಪುಸ್ತಕ ಇರುತ್ತದೆ. ಹಡಗಿಗೆ ಕಳಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಇರಲೇಬೇಕು. ಆ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟ್‌ನಲ್ಲಿದೆ. ಕೋರ್ಸಿಗೆ ಫೀಸು ಕಟ್ಟಬೇಕಾಗುತ್ತದೆ, ನಿಜ. ಆದರೆ ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಭಾರತ 2015ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದದಲ್ಲೇ ಇದು ಇದೆ. ದುಡ್ಡು ಕೇಳಿದ ಅಂದರೆ ಅಲ್ಲಿಗೇ ಎದ್ದು ಬನ್ನಿ.

ಕೋರ್ಸ್ ಮುಗಿದ ತಕ್ಷಣ ಹಡಗು ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ನಮ್ಮ ಗೆಳೆಯ ಮೊದಲ ಹಡಗಿಗಾಗಿ ಹನ್ನೊಂದು ತಿಂಗಳು ಕಾದ. ಆ ಹನ್ನೊಂದು ತಿಂಗಳು ಮಧುಗಿರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟ್ ಡಬ್ಬಿ ಎತ್ತಿಡುತ್ತಿದ್ದ. ಕರಾರು ಮುಗಿದು ಊರಲ್ಲಿರುವ ತಿಂಗಳುಗಳಿಗೆ ಈಗಲೂ ಸಂಬಳ ಇಲ್ಲ. ಇಷ್ಟಾದರೂ ಅವನು ಕೆಲಸ ಬಿಡುವವನಲ್ಲ. ತಂಗಿಯ ಮದುವೆ ಅದರಲ್ಲೇ ಆಗಿದೆ, ಸಾಲ ತೀರಿದೆ. ಬೋಸನ್ ಆಗಬೇಕೆಂಬ ಆಸೆ ಇದೆ. ಕೆಲಸ ಬೇಡವೆಂದು ನಾವು ಹೇಳುತ್ತಿಲ್ಲ. ಗೊತ್ತಿದ್ದು ಹೋಗಲಿ ಅನ್ನುತ್ತಿದ್ದೇವೆ.

ಪಾವಗಡದ ಆ ಹುಡುಗ ಈಗ ಹಿಂದೂಪುರದಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾನೆ. ಪೊಲೀಸ್ ದೂರು ಬರೆಯಲು ಅವರಪ್ಪನ ಜೊತೆ ನಾವೇ ಕೂತೆವು. ದುಡ್ಡು ಇನ್ನೂ ಬಂದಿಲ್ಲ. ಹೋದ ತಿಂಗಳು ಅವರ ಮನೆಗೆ ಹೋಗಿದ್ದಾಗ ಅವರಮ್ಮ ಮುದ್ದೆ ಬಡಿಸಿ, "ಇನ್ನೊಂದ್ ಸಲ ಬರ್ಯೋವಾಗ ಪೂರಾ ಬರೀರಪ್ಪ" ಅಂದರು.

ಪೂರಾ ಬರೆದಿದ್ದೇವೆ ಅಂದುಕೊಂಡಿದ್ದೇವೆ ಅಮ್ಮ. ಇದನ್ನೂ ಯಾರಾದರೂ ವಾಟ್ಸಾಪ್‌ನಲ್ಲಿ ಹಂಚುವುದಾದರೆ, ದಯವಿಟ್ಟು ಪೂರ್ತಿ ಹಂಚಿ.