ಒಂದೇ ಮ್ಯಾಚಿನ ವರ್ಷ

(1/7)
ಫೋಟೋದಲ್ಲಿ ಎಡಗಡೆಯಿಂದ ಮೂರನೆಯವಳು ನಾನು. ಮಂಡಿಗೆ ಕರ್ಚೀಫ್ ಕಟ್ಕೊಂಡು ನಿಂತಿರೋಳು. ನನ್ನ ಪಕ್ಕದಲ್ಲಿ, ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡ್ತಾ ಇದ್ದಾಳಲ್ಲ, ಅವಳು ನಮ್ಮ ಟೀಮಿನ ರೈಡರ್. 2003ರ ಆಗಸ್ಟ್. ತಿಪಟೂರು ಕಡೆಯ ಒಂದು ಹೋಬಳಿ ಮಟ್ಟದ ಕ್ರೀಡಾಕೂಟ. ನಾವು ಹತ್ತನೇ ಕ್ಲಾಸು.

ಹೈಸ್ಕೂಲಲ್ಲಿ ನೀವೂ ಆಡಿದ್ರೆ ಆ ದಿನ ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಬೆಳಗ್ಗೆ ಏಳಕ್ಕೇ ಟ್ರ್ಯಾಕ್ಸ್‌ನಲ್ಲಿ ಹದಿನೈದು ಜನ ತುರುಕಿಕೊಂಡು ಹೊರಟ್ವಿ. ಡಬ್ಬೀಲಿ ಚಿತ್ರಾನ್ನ. ಮೈದಾನಕ್ಕೆ ಹೋದರೆ ಅತಿಥಿಗಳು ಬಂದಿಲ್ಲ. ಅವರು ಬಂದ ಮೇಲೆ ಧ್ವಜಾರೋಹಣ, ಪಥಸಂಚಲನ, ಹಾರ, ಭಾಷಣ. "ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ" ಅಂತ ಮೂರು ಜನ ಮೂರು ಸಲ ಹೇಳಿದರು. ನಮ್ಮ ಮ್ಯಾಚ್ ಶುರುವಾಗೋ ಹೊತ್ತಿಗೆ ಮಧ್ಯಾಹ್ನ ಒಂದೂವರೆ.

ಹುಡುಗಿಯರ ಕಬಡ್ಡಿ ಅಂದರೆ 15 ನಿಮಿಷ ಒಂದು ಅರ್ಧ, ಮತ್ತೆ 15 ನಿಮಿಷ ಇನ್ನೊಂದರ್ಧ. ಅವತ್ತು ಟೀಮು ಜಾಸ್ತಿ, ಹೊತ್ತು ಕಮ್ಮಿ. ಹಾಗಾಗಿ ಹತ್ತು ಹತ್ತಕ್ಕೆ ಇಳಿಸಿದರು. ಒಂದು ಪಾಯಿಂಟಲ್ಲಿ ಸೋತ್ವಿ. ಎರಡೂವರೆಗೆ ಬೇವಿನ ಮರದ ಕೆಳಗೆ ಕೂತು ಅದೇ ಚಿತ್ರಾನ್ನ ತಿಂತಾ ಇದ್ವಿ.

ಜೂನ್‌ನಿಂದ ದಿನಾ ಬೆಳಗ್ಗೆ ಆರಕ್ಕೆ ಪ್ರಾಕ್ಟೀಸ್ ಮಾಡಿದ್ವಿ. ಆ ವರ್ಷ ನಾವು ಆಡಿದ್ದು ಒಟ್ಟು 20 ನಿಮಿಷ.

ಫೋಟೋ ತೆಗೆದಿದ್ದು ಸೋತ ಮೇಲೆ. ಅವಳು ನೋಡ್ತಾ ಇರೋದು ಅಂಕಣವನ್ನ. ಅಲ್ಲಿ ಮುಂದಿನ ಮ್ಯಾಚ್ ಶುರುವಾಗಿತ್ತು.

(2/7)
ಈ ಫೋಟೋ ಹಾಕ್ತೀನಿ ಅಂದಾಗ ಕೆಲವರು "ಹೋಬಳಿ ಮಟ್ಟ ಅಂದ್ರೆ ಏನು?" ಅಂತ ಕೇಳಿದ್ರಿ. ಸಿಟಿಯಲ್ಲಿ ಬೆಳೆದವರಿಗೆ ಅದು ವಲಯ ಮಟ್ಟ ಅಂತ ಗೊತ್ತಿರಬಹುದು. ಸ್ವಲ್ಪ ಬಿಡಿಸಿ ಹೇಳ್ತೀನಿ.

ನಮ್ಮಲ್ಲಿ ಶಾಲಾ ಕ್ರೀಡಾಕೂಟ ನಡೆಸೋದು ಶಿಕ್ಷಣ ಇಲಾಖೆ. ಅದೊಂದು ಏಣಿ ಇದ್ದ ಹಾಗೆ. ಮೊದಲ ಮೆಟ್ಟಿಲು ಹೋಬಳಿ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕು ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ. ವಿಭಾಗ ಅಂದರೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಹೀಗೆ ನಾಲ್ಕು. ಆಮೇಲೆ ರಾಜ್ಯ ಮಟ್ಟ. ಅದರ ಮೇಲೆ ರಾಷ್ಟ್ರ ಮಟ್ಟದ ಶಾಲಾ ಕ್ರೀಡಾಕೂಟ. ಅದನ್ನ ನಡೆಸೋದು 1954ರಲ್ಲಿ ಶುರುವಾದ ಸ್ಕೂಲ್ ಗೇಮ್ಸ್ ಫೆಡರೇಷನ್ ಆಫ್ ಇಂಡಿಯಾ. ಅಲ್ಲಿ 14, 17, 19 ವರ್ಷದ ಒಳಗಿನವರು ಅಂತ ಮೂರು ವಯೋಮಿತಿ. ಹೈಸ್ಕೂಲ್ ಮಕ್ಕಳಲ್ಲಿ ಹೆಚ್ಚಿನವರು ಬರೋದು 17ರ ಗುಂಪಿಗೆ. ಆ ಹಂತಕ್ಕೆ ಹೋದರೆ ಎದೆ ಮೇಲೆ ನಿಮ್ಮ ಶಾಲೆ ಹೆಸರಿರಲ್ಲ, ರಾಜ್ಯದ ಹೆಸರಿರುತ್ತೆ.

ಕೇಳೋಕೆ ಚೆನ್ನಾಗಿದೆ ಅಲ್ವಾ? ನಿಜಕ್ಕೂ ಚೆನ್ನಾಗಿದೆ. ಯಾವುದೋ ಹಳ್ಳಿ ಶಾಲೆಯ ಹುಡುಗಿ ಒಂದು ರೂಪಾಯಿ ಶುಲ್ಕ ಕಟ್ಟಿ ಅಕಾಡೆಮಿ ಸೇರದೆ ರಾಷ್ಟ್ರ ಮಟ್ಟಕ್ಕೆ ಹೋಗೋ ದಾರಿ ಇದು. ಹಾಗೆ ಹೋದವರೂ ಇದ್ದಾರೆ. ಇದನ್ನ ನಾನು ಹಗುರವಾಗಿ ಮಾತಾಡಲ್ಲ.

ಆದರೆ ಏಣಿಯ ಮೇಲ್ತುದಿ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಾನು ಹೇಳಬೇಕಾಗಿರೋದು ಕೆಳಗಿನ ಮೆಟ್ಟಿಲ ಬಗ್ಗೆ.

(3/7)
ಇವತ್ತು ಫೋಟೋ ಅಲ್ಲ, ನನ್ನ ನೋಟ್‌ಬುಕ್ಕಿನ ಒಂದು ಪುಟ. ಲೆಕ್ಕ ಅಂತ ಗಾಬರಿಯಾಗಿ ಸ್ಕ್ರೋಲ್ ಮಾಡ್ಬೇಡಿ, ಐದನೇ ಕ್ಲಾಸಿನ ಲೆಕ್ಕ ಅಷ್ಟೆ.

ಒಂದು ಹೋಬಳಿಯಲ್ಲಿ 16 ಟೀಮ್ ಇವೆ ಅಂದ್ಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯೋದು ನಾಕೌಟ್. ಚೀಟಿ ಎತ್ತಿ ಜೋಡಿ ಮಾಡೋದು, ಸೋತವರು ಮನೆಗೆ. ಒಟ್ಟು 15 ಮ್ಯಾಚ್. ಮೊದಲ ಸುತ್ತಲ್ಲೇ 8 ಟೀಮ್ ಔಟ್. ಅಂದರೆ ಬಂದವರಲ್ಲಿ ಅರ್ಧ ಜನ ಆಡೋದು ಒಂದೇ ಮ್ಯಾಚ್.

ಅದೇ 16 ಟೀಮ್ ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಿದರೆ 120 ಮ್ಯಾಚ್. ಅದು ಆಗದ ಮಾತು, ಒಪ್ತೀನಿ.

ಇವೆರಡರ ಮಧ್ಯೆ ಒಂದು ದಾರಿ ಇದೆ. ನಾಲ್ಕು ನಾಲ್ಕು ಟೀಮಿನ ನಾಲ್ಕು ಗುಂಪು. ಒಂದೊಂದು ಗುಂಪಲ್ಲಿ 6 ಮ್ಯಾಚ್, ನಾಲ್ಕು ಗುಂಪಿಗೆ 24. ಆಮೇಲೆ ಎರಡು ಸೆಮಿಫೈನಲ್, ಒಂದು ಫೈನಲ್. ಒಟ್ಟು 27. ಕೊನೆಯ ಸ್ಥಾನದ ಟೀಮಿಗೂ 3 ಮ್ಯಾಚ್ ಸಿಗುತ್ತೆ.

ಮೊದಲ ಮ್ಯಾಚಲ್ಲಿ ಕೈಕಾಲು ನಡುಗುತ್ತೆ. ಎರಡನೇದರಲ್ಲಿ ಎದುರಾಳಿ ಎಲ್ಲಿ ಕಾಲು ಹಿಡೀತಾರೆ ಅಂತ ಕಣ್ಣಿಗೆ ಕಾಣುತ್ತೆ. ಮೂರನೇದರಲ್ಲಿ ನೀವು ಆಡ್ತೀರಿ. ಕಬಡ್ಡಿ ಆಡಿದ ಯಾರನ್ನಾದರೂ ಕೇಳಿ, ಇದನ್ನೇ ಹೇಳ್ತಾರೆ. ನಮಗೆ ಆ ಎರಡನೇದೇ ಬರಲಿಲ್ಲ.

ಇನ್ನೊಂದು ವಿಷಯ. ಚೀಟಿ ಎತ್ತುವಾಗ ಶಾಲೆ ಚಿಕ್ಕದಾ ದೊಡ್ಡದಾ ಅಂತ ಯಾರೂ ನೋಡಲ್ಲ. ನಮ್ಮ ಹೈಸ್ಕೂಲಲ್ಲಿ ಮೂರು ತರಗತಿ ಸೇರಿ ಹುಡುಗಿಯರು ನಲವತ್ತು ಚಿಲ್ಲರೆ. ನಮ್ಮನ್ನ ಸೋಲಿಸಿದ ಶಾಲೆಯಲ್ಲಿ ಹಾಸ್ಟೆಲ್ ಇತ್ತು, ಐನೂರಕ್ಕೂ ಜಾಸ್ತಿ ಮಕ್ಕಳಿದ್ದರು. ಒಂದೇ ಪಾಯಿಂಟ್ ವ್ಯತ್ಯಾಸ ಅನ್ನೋದೇ ನಮ್ಮ ಹೆಮ್ಮೆ. ಆದರೆ ಆ ಹೆಮ್ಮೆ ಇಟ್ಕೊಂಡು ಎಲ್ಲೂ ಆಡೋ ಹಾಗಿರಲಿಲ್ಲ.

(4/7)
ಈ ಫೋಟೋ ಎರಡು ವರ್ಷದ ಹಿಂದಿನದು. ನಮ್ಮಕ್ಕ ಇರೋದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಅವಳ ಮಗಳು ಅಲ್ಲಿನ ಹೈಸ್ಕೂಲಲ್ಲಿ ವಾಲಿಬಾಲ್ ಆಡ್ತಾಳೆ. ಮೇನ್ ಟೀಮ್ ಅಲ್ಲ, ಅದರ ಕೆಳಗಿನ ಜೂನಿಯರ್ ಟೀಮ್. ನಾನು ಹೋದ ವಾರ ಒಂದು ಮಂಗಳವಾರ ಸಂಜೆ ಮ್ಯಾಚ್ ಇತ್ತು. ಸೋತರು, ಅದೂ ಕೆಟ್ಟದಾಗಿ.

ನನಗೆ ಹಳೇದೆಲ್ಲ ನೆನಪಾಗಿ ಗಂಟಲು ಕಟ್ಟಿತು. ಕಾರಲ್ಲಿ ಅವಳ ತಲೆ ಸವರಿ "ಹೋಗ್ಲಿ ಬಿಡು ಪುಟ್ಟಾ, ಮುಂದಿನ ವರ್ಷ ನೋಡ್ಕೊಳ್ಳೋಣ" ಅಂದೆ.

ಅವಳು ನನ್ನ ಮುಖ ನೋಡಿದಳು. "ಮುಂದಿನ ವರ್ಷ ಯಾಕೆ ಚಿಕ್ಕಮ್ಮ? ಶುಕ್ರವಾರ ಇನ್ನೊಂದು ಮ್ಯಾಚ್ ಇದೆಯಲ್ಲ."

ಆ ರಾತ್ರಿ ಭಾವನ ಹತ್ತಿರ ಕೂತು ಎಲ್ಲ ಕೇಳಿ ತಿಳ್ಕೊಂಡೆ. ಟೆಕ್ಸಾಸ್‌ನಲ್ಲಿ ಸರ್ಕಾರಿ ಹೈಸ್ಕೂಲುಗಳ ಆಟ ನೋಡಿಕೊಳ್ಳೋದು ಯೂನಿವರ್ಸಿಟಿ ಇಂಟರ್‌ಸ್ಕಾಲಸ್ಟಿಕ್ ಲೀಗ್, ಚಿಕ್ಕದಾಗಿ ಯುಐಎಲ್. ನೂರು ವರ್ಷಕ್ಕೂ ಹಳೇದು, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಅವರು ಮೊದಲು ಮಾಡೋದು ಮಕ್ಕಳನ್ನ ಎಣಿಸೋದು. ಶಾಲೆಯಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ ಅನ್ನೋದರ ಮೇಲೆ 1ಎ ಇಂದ 6ಎ ತನಕ ಆರು ದರ್ಜೆ. 1ಎ ಅಂದರೆ ತೀರಾ ಪುಟ್ಟ ಶಾಲೆಗಳು, 6ಎ ಅಂದರೆ ಸಾವಿರಗಟ್ಟಲೆ ಮಕ್ಕಳಿರೋವು. ಎರಡು ವರ್ಷಕ್ಕೊಮ್ಮೆ ಮತ್ತೆ ಎಣಿಸಿ ಮತ್ತೆ ವಿಂಗಡಿಸ್ತಾರೆ.

ಆಮೇಲೆ ಒಂದೇ ದರ್ಜೆಯ, ಆದಷ್ಟೂ ಹತ್ತಿರದ ಶಾಲೆಗಳನ್ನ ಸೇರಿಸಿ ಒಂದು ಗುಂಪು. ಅದಕ್ಕೆ ಡಿಸ್ಟ್ರಿಕ್ಟ್ ಅಂತಾರೆ. ನಮ್ಮ ಜಿಲ್ಲೆ ಅಂದ್ಕೋಬೇಡಿ, ಹೆಚ್ಚಾಗಿ ಏಳೆಂಟು ಶಾಲೆಗಳ ಒಂದು ಕೂಟ ಅಷ್ಟೆ. ಅಕ್ಕನ ಮಗಳ ಶಾಲೆ ತನ್ನ ಗುಂಪಿನ ಪ್ರತಿ ಶಾಲೆ ಜೊತೆ ಎರಡು ಸಲ ಆಡುತ್ತೆ, ಒಮ್ಮೆ ಇವರಲ್ಲಿ, ಒಮ್ಮೆ ಅವರಲ್ಲಿ. ಗುಂಪಿನಲ್ಲಿ ಮೇಲೆ ಬಂದ ಮೇನ್ ಟೀಮುಗಳಿಗೆ ಆಮೇಲೆ ನಾಕೌಟ್.

ಅಂದರೆ ನಾಕೌಟ್ ಅಲ್ಲೂ ಇದೆ. ಆದರೆ ಅದು ಸೀಸನ್ನಿನ ಕೊನೆಯಲ್ಲಿ. ನಮ್ಮಲ್ಲಿ ಅದೇ ಮೊದಲು, ಅದೇ ಕೊನೆ.

(5/7)
ಹಿಂದಿನ ಪೋಸ್ಟಿಗೆ ಒಬ್ಬರು "ಅಮೆರಿಕ ಅಂದ್ರೆ ಸ್ವರ್ಗ ಅಲ್ವಾ ನಿಮಗೆ" ಅಂತ ಕಾಮೆಂಟ್ ಹಾಕಿದ್ರು. ಇಲ್ಲ ಸರ್. ಅಲ್ಲಿನ ಹುಳುಕೂ ಹೇಳ್ತೀನಿ ಕೇಳಿ.

ಅಕ್ಕನ ಮಗಳ ಗೆಳತಿ ಒಬ್ಬಳು ಟ್ರೈಔಟ್‌ನಲ್ಲಿ ಆಯ್ಕೆ ಆಗಲಿಲ್ಲ. ಅವಳಿಗೆ ಒಂದು ಮ್ಯಾಚೂ ಇಲ್ಲ. ಶಾಲೆಯ ಜೊತೆಗೆ ದುಡ್ಡು ಕೊಟ್ಟು ಕ್ಲಬ್ಬಲ್ಲಿ ಕಲಿಯೋ ಮಕ್ಕಳೇ ಹೆಚ್ಚಾಗಿ ಮುಂದೆ ಬರ್ತಾರೆ. ಅಲ್ಲಿ 1984ರಿಂದ ಒಂದು ಕಾನೂನಿದೆ. ಪಾಸಾಗದಿದ್ದರೆ ಆಟ ಇಲ್ಲ. ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಕೆಲವು ವಾರ ಮ್ಯಾಚಿಂದ ಹೊರಗೆ. ಓದಿಗೆ ಒಳ್ಳೇದು ಅಂತಾರೆ. ಆದರೆ ಶಾಲೆಗೆ ಬರೋಕೆ ಆಟ ಒಂದೇ ಕಾರಣ ಆಗಿರೋ ಹುಡುಗನಿಗೆ ಏನು ಗತಿ ಅಂತ ನನಗೆ ಅನ್ನಿಸ್ತು.

ಆದರೆ ಕದಿಯಬೇಕಾದ ವಿಷಯಗಳೂ ಇವೆ. ಆಟಕ್ಕೋಸ್ಕರವೇ ಶಾಲೆ ಬದಲಾಯಿಸಿದರು ಅಂತ ಗೊತ್ತಾದರೆ ಕನಿಷ್ಠ ಒಂದು ವರ್ಷ ಮೇನ್ ಟೀಮಲ್ಲಿ ಆಡೋ ಹಾಗಿಲ್ಲ. ದೊಡ್ಡ ಶಾಲೆ ಸುತ್ತಮುತ್ತಲ ಒಳ್ಳೇ ಆಟಗಾರರನ್ನೆಲ್ಲ ಎಳ್ಕೊಂಡು ಹೋಗಬಾರದು ಅಂತ. ನಿಯಮ ಮಾಡೋದು ಶಾಲಾ ಆಡಳಿತ ನಡೆಸೋರೇ ಇರೋ ಒಂದು ಮಂಡಳಿ. ಅವರಿಗೆ ಬಸ್ಸಿನ ಖರ್ಚೂ ಗೊತ್ತು, ಪರೀಕ್ಷೆ ದಿನವೂ ಗೊತ್ತು.

ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು. ಇಡೀ ಅಮೆರಿಕದ ಹೈಸ್ಕೂಲ್ ಆಟಗಳಿಗೆ 1920ರಿಂದ ಒಂದು ರಾಷ್ಟ್ರೀಯ ಒಕ್ಕೂಟ ಇದೆ. 50 ರಾಜ್ಯಗಳ ಸಂಸ್ಥೆಗಳೂ ವಾಷಿಂಗ್ಟನ್ ಡಿಸಿಯದೂ ಅದರಲ್ಲಿವೆ. ಹಲವು ಆಟಗಳ ನಿಯಮದ ಪುಸ್ತಕ ಅದೇ ಬರೆಯುತ್ತೆ. ಆದರೆ ಅದು ರಾಷ್ಟ್ರ ಮಟ್ಟದ ಟೂರ್ನಮೆಂಟ್ ನಡೆಸಲ್ಲ! ರಾಜ್ಯ ಗೆದ್ದರೆ ಅಲ್ಲಿಗೆ ಮುಗೀತು. ಅವರು ಏಣಿಯನ್ನ ಗಿಡ್ಡ ಮಾಡಿ ಕೆಳಗಿನ ಮೆಟ್ಟಿಲನ್ನ ಅಗಲ ಮಾಡಿದ್ದಾರೆ. ನಮ್ಮ ಏಣಿ ದೆಹಲಿ ತನಕ ಹೋಗುತ್ತೆ, ಕೆಳಗೆ ಒಂದು ಕಾಲು ಇಡೋಷ್ಟೇ ಜಾಗ.

(6/7)
ಈ ಆಗಸ್ಟ್‌ನಲ್ಲಿ ಒಂದು ಫೋನ್ ಬಂತು. ಅವಳೇ, ಮೊದಲ ಫೋಟೋದಲ್ಲಿ ಅಂಕಣ ನೋಡ್ತಿದ್ದ ನಮ್ಮ ರೈಡರ್.

ಆ ಮ್ಯಾಚ್ ಆದ ಮೇಲೆ ಅವಳು ಮತ್ತೆ ಆಡಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದಳು, ಪಿಯುಸಿಗೆ ಕಳಿಸಲಿಲ್ಲ, ಮೂರು ವರ್ಷಕ್ಕೆ ಮದುವೆ. ಒಂದು ಲೀಗ್ ಇದ್ದಿದ್ರೆ ಅವಳ ಬದುಕು ಬದಲಾಗ್ತಿತ್ತು ಅಂತ ನಾನು ಹೇಳ್ತಾ ಇಲ್ಲ. ಅಷ್ಟು ಸುಲಭ ಅಲ್ಲ ಅದು. ಆದರೆ ಅವಳು ಎಷ್ಟು ಚೆನ್ನಾಗಿ ಆಡ್ತಿದ್ದಳು ಅಂತ ಅವರ ಅಪ್ಪ ಒಂದು ಸಲವೂ ನೋಡಲಿಲ್ಲ. ನೋಡೋಕೆ ಇದ್ದಿದ್ದೇ ಒಂದು ಮಧ್ಯಾಹ್ನ, ಅವತ್ತು ಅವರು ಕೊಬ್ಬರಿ ಹಾಕೋಕೆ ಮಾರ್ಕೆಟ್ಟಿಗೆ ಹೋಗಿದ್ದರು.

"ನನ್ ಮಗಳು ಎಂಟನೇ ಕ್ಲಾಸು ಕಣೇ. ಕಬಡ್ಡಿ ಟೀಮಿಗೆ ಸೇರಿದ್ಲು. ಮೊನ್ನೆ ಹೋಬಳಿಗೆ ಹೋದ್ರು, ಮೊದಲನೇದ್ರಲ್ಲೇ ಸೋತ್ ಬಂದ್ರು." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. "ಇವಳಿಗೂ ಒಂದೇ ಮ್ಯಾಚ್ ಕಣೇ."

ಆ ಭಾನುವಾರ ಊರಿಗೆ ಹೋದೆ. ಅವಳ ಮಗಳ ಪಿ.ಟಿ. ಮೇಷ್ಟ್ರನ್ನ ಕಂಡು ನನ್ನ ಟೆಕ್ಸಾಸ್ ಪುರಾಣ ಎಲ್ಲ ಒದರಿದೆ. ಅವರು ಪೂರ್ತಿ ಕೇಳಿ, ಟೀ ಕುಡಿದು, ನಿಧಾನಕ್ಕೆ ಹೇಳಿದರು.

"ಮೇಡಂ, ನೀವು ಹೇಳೋದು ಸರಿ. ಸುತ್ತ ನಾಲ್ಕು ಹೈಸ್ಕೂಲಲ್ಲಿ ಎರಡಕ್ಕೆ ಪಿ.ಟಿ. ಮೇಷ್ಟ್ರೇ ಇಲ್ಲ. ಬಿಸಿಯೂಟದ ಲೆಕ್ಕ, ಪ್ರಾರ್ಥನೆ, ಶಿಸ್ತು, ಮೇಷ್ಟ್ರು ಬರದ ಪೀರಿಯಡ್ಡು, ಎಲ್ಲ ನನಗೇ. ಕ್ರೀಡಾಕೂಟ ನಾಕೌಟ್ ಯಾಕೆ ಅಂದ್ರೆ ಅದು ಒಂದು ದಿನಕ್ಕೆ ಮುಗಿಯುತ್ತೆ. ಇನ್ನೊಂದು ದಿನ ಅಂದ್ರೆ ಊಟ ಯಾರು ಕೊಡ್ತಾರೆ, ಗಾಡಿ ಯಾರು ಕೊಡ್ತಾರೆ? ಹೆಣ್ಣುಮಕ್ಕಳನ್ನ ಕತ್ತಲಾಗೋ ಮುಂಚೆ ಮನೆಗೆ ಬಿಡಬೇಕು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸರಣಿ ಓದಿ ಪಿ.ಟಿ. ಮೇಷ್ಟ್ರನ್ನ ಬೈದು ಕಾಮೆಂಟ್ ಹಾಕೋರಿಗೆ ಇದನ್ನ ಓದಿ ಅಂತ ಕೇಳ್ಕೊಳ್ತೀನಿ. ನಾಕೌಟ್ ಯಾರದೋ ಕೆಟ್ಟ ಬುದ್ಧಿಯಿಂದ ಬಂದಿದ್ದಲ್ಲ. ಇರೋ ಒಂದು ದಿನದಲ್ಲಿ, ಇರೋ ಒಬ್ಬ ಮೇಷ್ಟ್ರಿಂದ, ಇಷ್ಟೇ ಆಗೋದು.

ಹೊರಡುವಾಗ ಅವರೇ ಕರೆದು ಹೇಳಿದರು. "ಇಲಾಖೆ ಕೂಟಕ್ಕೆ ಕೈ ಹಾಕೋದು ಬೇಡ. ಅದು ಹಾಗೇ ಇರ್ಲಿ. ಆದ್ರೆ ಶನಿವಾರ ಶಾಲೆ ಬೆಳಗ್ಗೆನೇ ಬಿಡುತ್ತೆ ಅಲ್ವಾ?"

(7/7)
ಕೊನೇ ಫೋಟೋ. ಸ್ವಲ್ಪ ಅಲುಗಾಡಿದೆ, ಕ್ಷಮಿಸಿ, ನಾನೂ ಕೂಗ್ತಾ ಇದ್ದೆ.

ನಾಲ್ಕು ಹೈಸ್ಕೂಲು, ಒಂದಕ್ಕೊಂದು ಆರು ಕಿಲೋಮೀಟರ್ ಒಳಗೆ. ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಒಂದು ಸಲ. ಒಟ್ಟು 6 ಮ್ಯಾಚ್, ಒಂದೊಂದು ಟೀಮಿಗೆ 3. ಒಂದು ಶನಿವಾರ ಬಿಟ್ಟು ಒಂದು ಶನಿವಾರ, ಎರಡೆರಡು ಮ್ಯಾಚ್. ಮುಖ್ಯೋಪಾಧ್ಯಾಯರುಗಳಿಂದ ಬರೆದುಕೊಂಡ ಒಪ್ಪಿಗೆ, ಮನೆಯವರ ಸಹಿ, ಜೊತೆಗೆ ಒಬ್ಬ ಮೇಡಂ. ಪಿ.ಟಿ. ಮೇಷ್ಟ್ರಿಲ್ಲದ ಶಾಲೆಗಳಲ್ಲಿ ಒಬ್ಬರು ಗಣಿತದ ಮೇಡಂ, ಒಬ್ಬರು ಕನ್ನಡ ಮೇಷ್ಟ್ರು ಒಪ್ಪಿಕೊಂಡರು. ಕಪ್ ಇಲ್ಲ, ವೇದಿಕೆ ಇಲ್ಲ, ಭಾಷಣ ಇಲ್ಲ. ಸುಣ್ಣದ ಗೆರೆ, ಒಂದು ಸೀಟಿ, ಬಾಳೆಹಣ್ಣು. ಖರ್ಚು ನಮ್ಮ ಹಳೇ ಬ್ಯಾಚಿನವರದು. ಪೂರ್ತಿ 15-15 ನಿಮಿಷ ಆಡಿಸಬೇಕು ಅನ್ನೋದು ಮಾತ್ರ ನನ್ನ ಹಟ.

ಇದೇನು ಹೊಸ ವಿದ್ಯೆ ಅಲ್ಲ. ಬೆಂಗಳೂರಿನ ಶಾಲಾ ಕ್ರಿಕೆಟ್‌ನಲ್ಲಿ ಗುಂಪು, ಡಿವಿಷನ್ ಅಂತ ವಿಂಗಡಿಸಿ ಆಡಿಸೋದು ಹಳೇ ಪದ್ಧತಿ. ಕ್ರಿಕೆಟ್ಟಿಗೆ ಆಗೋದು ಕಬಡ್ಡಿಗೆ, ಖೋಖೋಗೆ ಯಾಕಾಗಲ್ಲ?

ಇಲ್ಲಿವರೆಗೆ ಎರಡು ಶನಿವಾರ ಆಗಿದೆ. ನನ್ನ ಗೆಳತಿಯ ಮಗಳ ಟೀಮ್ ಎರಡೂ ಸೋತಿದೆ. ಮೊದಲನೇದು 19 ಪಾಯಿಂಟಲ್ಲಿ, ಎರಡನೇದು 4ರಲ್ಲಿ. ಎರಡನೇ ಮ್ಯಾಚಿಗೆ ಹುಡುಗಿಯ ತಾತನೂ ಬಂದಿದ್ದರು. ಅದೇ, ಅವತ್ತು ಕೊಬ್ಬರಿ ಹಾಕೋಕೆ ಹೋಗಿದ್ದವರು. ಫೋಟೋದಲ್ಲಿ ಕಾಂಪೌಂಡ್ ಪಕ್ಕ ಟವೆಲ್ ಹೆಗಲಿಗೆ ಹಾಕ್ಕೊಂಡು ನಿಂತಿದ್ದಾರೆ ನೋಡಿ. ಮೊಮ್ಮಗಳು ಒಂದು ರೈಡಲ್ಲಿ ಇಬ್ಬರನ್ನ ಮುಟ್ಟಿ ಬಂದಾಗ ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಲ್ಲಿದ್ದ ಮಗಳನ್ನ ಕೇಳಿದರು: "ನೀನೂ ಹಿಂಗೇ ಆಡ್ತಿದ್ಯಾ?"

ಅವಳು ತಲೆ ಆಡಿಸಿದಳು, ಅಷ್ಟೆ. ನಾನು ಆ ಕಡೆ ಮುಖ ತಿರುಗಿಸಿಕೊಂಡೆ.

ನೀವು ಓದಿದ ಹೈಸ್ಕೂಲಿನ ಸುತ್ತ ಆರೇಳು ಕಿಲೋಮೀಟರಲ್ಲಿ ಎಷ್ಟು ಹೈಸ್ಕೂಲಿವೆ, ಎಣಿಸಿ ಕಾಮೆಂಟಲ್ಲಿ ಬರೀರಿ. ಮೂರಿದ್ದರೂ ಸಾಕು. ನಮ್ಮ ಮೇಷ್ಟ್ರು ಬರೆದ ವೇಳಾಪಟ್ಟಿ, ಒಪ್ಪಿಗೆ ಪತ್ರದ ನಮೂನೆ ಕೇಳಿದವರಿಗೆಲ್ಲ ಕಳಿಸ್ತೀನಿ.

ಮ್ಯಾಚ್ ಮುಗಿದ ಮೇಲೆ ಆ ಹುಡುಗಿ ಮೊಣಕೈ ಮಣ್ಣು ಒರೆಸಿಕೊಳ್ತಾ ಬಂದಳು. ಅಳಲಿಲ್ಲ. ಬಾಳೆಹಣ್ಣು ಸುಲಿದುಕೊಂಡು ಮೇಷ್ಟ್ರನ್ನ ಕೇಳಿದಳು:

"ಸಾರ್, ಮುಂದಿನ್ ಮ್ಯಾಚ್ ಯಾವ ಶಾಲೆ ಮೇಲೆ?"

#ಶಾಲಾಕಬಡ್ಡಿ #ಹೋಬಳಿಮಟ್ಟ #ಶನಿವಾರದಲೀಗ್