ಗೊರವನಹಳ್ಳಿಯಿಂದ ವಿಜಯಪುರಕ್ಕೆ, ಅಪ್ಪನ ಸೈಕಲ್ ನೋಡಲು

ಗೊರವನಹಳ್ಳಿ ಎಂದಕೂಡಲೇ ಎಲ್ಲರಿಗೂ ನೆನಪಾಗುವುದು ಮಹಾಲಕ್ಷ್ಮಿಯ ಗುಡಿ. ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಈ ಸಣ್ಣ ಊರಿಗೆ ಶುಕ್ರವಾರ ಬಂತೆಂದರೆ ಬಸ್ಸು, ಕಾರುಗಳಲ್ಲಿ ಜನ ಬಂದು ಇಳಿಯುತ್ತಾರೆ. ಪೂಜೆ ನಿಂತುಹೋಗಿದ್ದ ಗುಡಿಯಲ್ಲಿ ಮತ್ತೆ ದೀಪ ಹಚ್ಚಿ ಬೆಳೆಸಿದ ಕಮಲಮ್ಮನವರನ್ನು ಇಲ್ಲಿಯ ಹೆಂಗಸರು ಇಂದಿಗೂ ತಮ್ಮ ಮನೆಯ ಹಿರಿಯರೆಂಬಂತೆ ನೆನೆಯುತ್ತಾರೆ. ಹತ್ತಿರದಲ್ಲೇ ತೀತಾ ಜಲಾಶಯ. ಕೊರಟಗೆರೆಯ ಕಡೆ ಹೋದರೆ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಇನ್ನೂ ಮುಂದೆ ಮಧುಗಿರಿಯ ಏಕಶಿಲಾ ಬೆಟ್ಟ. ಬಂದವರು ಇವನ್ನೆಲ್ಲ ನೋಡಿಕೊಂಡು, ಪ್ರಸಾದ ಕಟ್ಟಿಸಿಕೊಂಡು ಹೊರಡುತ್ತಾರೆ.

ಅವರ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ನಮ್ಮ ರಸ್ತೆಗಳಲ್ಲಿದೆ. ಬೆಳಗಿನ ಜಾವ ಹಾಲಿನ ಕ್ಯಾನು ಹೊತ್ತ ಬೈಕುಗಳ ನಡುವೆ, ತಲೆಗೆ ಹೆಲ್ಮೆಟ್ ಹಾಕಿ, ಬಾಗಿದ ಹ್ಯಾಂಡಲ್ ಹಿಡಿದು ಸರ್ರನೆ ಹೋಗುವ ಸೈಕಲ್ ಸವಾರರು ಸಿಗುತ್ತಾರೆ. ಹೆಚ್ಚಿನವರು ಬೆಂಗಳೂರಿನ ಕಡೆಯಿಂದ ರಜಾದಿನ ಬರುವ ಹವ್ಯಾಸಿಗಳು. ಅವರಲ್ಲಿ ಒಬ್ಬರಿಗೆ ಮಾತ್ರ ಅದು ಹವ್ಯಾಸವಲ್ಲ, ಅನ್ನ. ಅವರೇ ನಮ್ಮ ಮನೆಯವರು.

“ಸೈಕಲ್ ತುಳಿದ್ರೆ ಸಂಬಳ ಕೊಡ್ತಾರೇನಮ್ಮಾ?” ಅಂತ ನೆಂಟರ ಮನೆಯ ಮದುವೆಗಳಲ್ಲಿ ನನ್ನನ್ನು ಕೇಳದವರಿಲ್ಲ. ಕೊಡುತ್ತಾರೆ. ಯೂರೋಪಿನಲ್ಲಿ ಕಂಪನಿಗಳು ತಂಡ ಕಟ್ಟಿ, ಸವಾರರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತವೆ. 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಎಂಬ ಸ್ಪರ್ಧೆ ಅಂಥ ತಂಡಗಳದ್ದೇ. ಮೂರು ವಾರ, ಇಪ್ಪತ್ತೊಂದು ಹಂತ, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ! ನಮ್ಮ ದೇಶದಲ್ಲಿ ಆ ಬಗೆಯ ತಂಡಗಳು ಬಲು ಅಪರೂಪ. ಇಲ್ಲಿ ಸೈಕಲ್ ಸವಾರನಿಗೆ ಆಸರೆ ಎಂದರೆ ರೈಲ್ವೆ, ಸೇನೆ ಇಂಥ ಕಡೆ ಕ್ರೀಡಾ ಕೋಟಾದಲ್ಲಿ ಸಿಗುವ ನೌಕರಿ. ನಮ್ಮವರು ಹುಡುಗರಾಗಿದ್ದಾಗ ವಿಜಯಪುರದ ಕ್ರೀಡಾ ವಸತಿ ನಿಲಯದಲ್ಲಿ ಕಲಿತು, ಆಮೇಲೆ ರೈಲ್ವೆ ಸೇರಿದವರು. ನೌಕರಿ ಒಂದು ಊರಿನಲ್ಲಿ, ಶಿಬಿರ ಇನ್ನೊಂದು ಊರಿನಲ್ಲಿ, ಸ್ಪರ್ಧೆ ಮತ್ತೊಂದು ಊರಿನಲ್ಲಿ. ನಾನು, ಅತ್ತೆಯವರು, ಇಬ್ಬರು ಮಕ್ಕಳು ಗೊರವನಹಳ್ಳಿಯಲ್ಲಿ.

ಹೋದ ಚಳಿಗಾಲದಲ್ಲಿ ಶಿಬಿರ ಎರಡೂವರೆ ತಿಂಗಳು ನಡೆಯಿತು. ದೊಡ್ಡವಳಿಗೆ ಆರು ವರ್ಷ, ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದಳು. ಎರಡೂವರೆ ವರ್ಷದ ಚಿಕ್ಕವನು ಬರಬರುತ್ತ ಫೋನು ಕೊಟ್ಟರೆ ಮುಖ ತಿರುಗಿಸುವುದಕ್ಕೆ ಶುರುಮಾಡಿದ. “ಅಪ್ಪ ಎಲ್ಲೋ?” ಅಂದರೆ ಗೋಡೆಗೆ ನೇತುಹಾಕಿದ ಪದಕ ತೋರಿಸುತ್ತಿದ್ದ. ಅಷ್ಟರಲ್ಲಿ, ವಿಜಯಪುರದಲ್ಲಿ ರಸ್ತೆ ಸ್ಪರ್ಧೆ ಇದೆ ಎಂದು ಇವರಿಂದ ಸುದ್ದಿ ಬಂತು. “ನಾವೂ ಬರ್ತೀವಿ” ಅಂದೆ. ಅತ್ತೆಯವರು, “ಕೂಸುಗಳ್ನ ಎಳ್ಕೊಂಡು ಅಷ್ಟು ದೂರ ಯಾಕಮ್ಮಾ? ಮುಗುಸ್ಕೊಂಡು ಅವನೇ ಬರ್ತಾನಲ್ಲ” ಅಂದರು. ಅಂದವರೇ ಸಂಜೆ ಒಲೆಯ ಮುಂದೆ ಕೂತು ಹುರಿಹಿಟ್ಟಿಗೆ ರಾಗಿ ಹುರಿಯತೊಡಗಿದರು!

ರೈಲಿನ ರಾತ್ರಿ, ಬುತ್ತಿಯ ಗಂಟು

ಚಿಕ್ಕ ಮಕ್ಕಳ ಜೊತೆ ಉದ್ದದ ಪ್ರಯಾಣವಾದರೆ ರಾತ್ರಿಯ ರೈಲೇ ಲೇಸು. ತುಮಕೂರಿನವರೆಗೆ ಬಸ್ಸು, ಅಲ್ಲಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್. ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಗದಗ, ಬಾಗಲಕೋಟೆ ಹಾದು ವಿಜಯಪುರಕ್ಕೆ ಹೋಗುವ ಗಾಡಿ. ಮಕ್ಕಳು ಮಲಗಿದ ಮೇಲೆ ಅರ್ಧ ಕರ್ನಾಟಕ ಕಳೆದುಹೋಗುತ್ತದೆ. ಬೆಳಿಗ್ಗೆ ಆಲಮಟ್ಟಿಯ ಹತ್ತಿರ ಕಿಟಕಿಯ ತುಂಬ ಕೃಷ್ಣೆಯ ನೀರು ಕಂಡಾಗ ದೊಡ್ಡವಳು, “ಅಮ್ಮಾ, ನಮ್ಮ ತೀತಾ ಎಷ್ಟು ಚಿಕ್ಕದು!” ಅಂದಳು.

ಬುತ್ತಿಗೆ ನಾನು ಕಟ್ಟಿಕೊಂಡದ್ದು ಮೂರೇ. ರಾತ್ರಿಗೆ ಪುಳಿಯೋಗರೆ, ಬೆಳಿಗ್ಗೆಗೆ ಚಪಾತಿ ಮತ್ತು ಕಡಲೆಕಾಯಿ ಚಟ್ನಿಪುಡಿ, ಹೊತ್ತಲ್ಲದ ಹೊತ್ತಿನ ಹಸಿವಿಗೆ ಹುರಿಹಿಟ್ಟು. ಹಾಲಿನ ಪದಾರ್ಥ ಒಂದೂ ಬೇಡ, ಕೆಡುತ್ತದೆ. ಹುರಿಹಿಟ್ಟು ಮಾಡುವುದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರಾಗಿಯನ್ನು ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ರಾತ್ರಿ ಇಡಿ. ಮಾರನೆಯ ದಿನ ನೆರಳಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಒಂದೊಂದೇ ಹಿಡಿ ಹಾಕಿ ಹುರಿದರೆ ಬೆಳ್ಳಗೆ ಅರಳುತ್ತದೆ. ಆರಿದ ಮೇಲೆ ಬೀಸಿ, ಜರಡಿ ಹಿಡಿಯಿರಿ. ಎರಡು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ, ನಾಲ್ಕು ಏಲಕ್ಕಿ ಕುಟ್ಟಿ ಸೇರಿಸಿ ಡಬ್ಬಿಗೆ ತುಂಬಿ. ಬೇಕಾದಾಗ ಬಿಸಿನೀರಲ್ಲೋ ಹಾಲಲ್ಲೋ ಕಲಸಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟು ಕೊಟ್ಟರೆ ಮಕ್ಕಳು ಬೇಡವೆನ್ನುವುದಿಲ್ಲ. ದೊಡ್ಡವರಿಗೂ ಇದು ಗಟ್ಟಿ ಆಹಾರವೇ.

ಸೈಕಲ್ಲಿನ ನಾಡು

2014ರ ನವೆಂಬರಿನಿಂದ ಬಿಜಾಪುರ ವಿಜಯಪುರವಾಗಿದೆ. ಹಳಬರ ಬಾಯಲ್ಲಿ ಇನ್ನೂ ಬಿಜಾಪುರವೇ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಹಳ್ಳಿಗಳಿಂದ ಬಂದ ಹುಡುಗರು, ಹುಡುಗಿಯರು ರಾಜ್ಯಕ್ಕೆ ಸೈಕಲ್ ಪದಕಗಳನ್ನು ತಂದುಕೊಟ್ಟಿದ್ದಾರೆ. ಜಾತ್ರೆಗಳಲ್ಲಿ ಎತ್ತಿನಬಂಡಿಯ ಹಾಗೆ ಸೈಕಲ್ ಶರ್ಯತ್ತೂ ನಡೆಯುವ ಸೀಮೆ ಇದು. 2024ರ ಜನವರಿಯಲ್ಲಿ ರಾಷ್ಟ್ರಮಟ್ಟದ ರಸ್ತೆ ಸೈಕ್ಲಿಂಗ್ ಸ್ಪರ್ಧೆಯೂ ಇಲ್ಲೇ ಜರುಗಿತು. ನಮ್ಮ ಕೊರಟಗೆರೆ ಕಡೆಯ ಹಾಗೆ ಬೆಟ್ಟ ಗುಡ್ಡ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ, ಬಿಳಿಜೋಳ, ತಡೆಯಿಲ್ಲದೆ ಬೀಸುವ ಗಾಳಿ. “ನಮ್ಮೂರಲ್ಲಿ ಏರು ತೀರಿದ ಮೇಲೆ ಇಳಿಜಾರು ಸಿಗುತ್ತೆ. ಇಲ್ಲಿ ಎದುರುಗಾಳಿ ಮುಗಿಯೋದೇ ಇಲ್ಲ” ಅನ್ನುತ್ತಾರೆ ನಮ್ಮವರು. ಅದಕ್ಕೇ ಸವಾರರು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವುದು. ಮುಂದಿನವನು ಗಾಳಿ ಸೀಳಿದರೆ ಹಿಂದಿನವನಿಗೆ ಶ್ರಮ ಎಷ್ಟೋ ಕಡಿಮೆ. ಸರದಿಯ ಮೇಲೆ ಎಲ್ಲರೂ ಮುಂದೆ ಬಂದು ಗಾಳಿ ತಿನ್ನಬೇಕು.

ಮೊದಲ ದಿನ ಒಬ್ಬೊಬ್ಬರನ್ನೇ ಬಿಡುವ ಸ್ಪರ್ಧೆ. ಮಕ್ಕಳ ಜೊತೆ ಹೋಗುವವರಿಗೆ ಇದೇ ಒಳ್ಳೆಯದು. ನಿಮ್ಮವರು ಯಾವ ಗಳಿಗೆಗೆ ಹೊರಡುತ್ತಾರೆ ಎಂದು ಮೊದಲೇ ಗೊತ್ತಿರುತ್ತದೆ, ಅಷ್ಟು ಹೊತ್ತಿಗೆ ಮಗುವಿಗೆ ಉಣಿಸಿ, ಮಲಗಿಸಿ, ಎಬ್ಬಿಸಿ ತಂದು ನಿಲ್ಲಿಸಬಹುದು. ಹೊರಡುವುದಕ್ಕೆ ಸ್ವಲ್ಪ ಮೊದಲು ಇವರು ನಮ್ಮ ಹತ್ತಿರ ಬಂದರು. ಚೂಪು ಹೆಲ್ಮೆಟ್ಟು, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ, ಮೈಗಂಟಿದ ಬಟ್ಟೆ. ಕೈ ಚಾಚಿದ್ದೇ ತಡ, ಚಿಕ್ಕವನು ಚಿಟ್ಟನೆ ಚೀರಿ ನನ್ನ ಕೊರಳಿಗೆ ಜೋತುಬಿದ್ದ. ನಮ್ಮವರ ಮುಖ ನೋಡಲಾಗಲಿಲ್ಲ. ಕರೆ ಬಂತು, ಹೋದರು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ, “ಯಾಕವಾ ತಂಗಿ, ಕೂಸು ಅಪ್ಪಗ ಅಂಜತೈತಿ? ಹೊಸಾ ಮಂದಿ ಅನ್ಕೊಂಡೈತಿ. ಸುಮ್ನಿರವಾ, ಸಂಜೀತನಾ ಗುರ್ತು ಹಿಡೀತೈತಿ” ಎಂದು ಅವನ ಕೈಗೆ ಸೀತನಿ ಹಾಕಿದರು. ಸೀತನಿ ಎಂದರೆ ಎಳೆಯ ಜೋಳದ ತೆನೆಯನ್ನು ಸುಟ್ಟು ಉಜ್ಜಿದ ಕಾಳು. ಚಳಿಗಾಲದಲ್ಲಿ ಆ ಕಡೆ ಹೋದವರು ತಿನ್ನದೆ ಬರಬಾರದು.

ಕಣ್ಣು ಮಿಟುಕಿಸುವಷ್ಟು ಹೊತ್ತು

ಎರಡನೆಯ ದಿನ ಎಲ್ಲರೂ ಒಟ್ಟಿಗೆ ಹೊರಡುವ ಉದ್ದದ ಸ್ಪರ್ಧೆ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗವೆಂದರೆ ಒಂದು ಸೆಕೆಂಡಿಗೆ ಹನ್ನೊಂದು ಮೀಟರ್. ನಮ್ಮ ಮನೆಯ ಹಜಾರ, ಅಡುಗೆಮನೆ, ಹಿತ್ತಲು ಎಲ್ಲ ಒಂದು ಸೆಕೆಂಡಿನಲ್ಲಿ ದಾಟಿಹೋದ ಹಾಗೆ! ಎರಡು ಗಂಟೆ ಕಾದು, ನೋಡುವುದು ಒಂದು ಗಳಿಗೆ. ಆದ್ದರಿಂದ ನಾವು ಸವಾರರು ವೇಗ ಕಡಿಮೆ ಮಾಡುವ ತಿರುವಿನ ಹತ್ತಿರ, ರಸ್ತೆಯಿಂದ ದೂರಕ್ಕೆ ಬೇವಿನಮರದ ನೆರಳು ಹಿಡಿದೆವು. ಮೊದಲು ಪೊಲೀಸ್ ಮೋಟಾರ್ ಸೈಕಲ್, ಜೀಪು. ಆಮೇಲೆ ಬಣ್ಣಬಣ್ಣದ ಗುಂಪು. ಅದರ ಹಿಂದೆ ತಂಡದ ವಾಹನಗಳು, ಆಂಬುಲೆನ್ಸು. ಕೊನೆಯ ಗಾಡಿ ಹೋಗುವವರೆಗೆ ಮಕ್ಕಳ ಕೈ ಬಿಡಬಾರದು. ಗುಂಪು ಹೋಯಿತೆಂದು ರಸ್ತೆ ದಾಟಿದರೆ ಅಪಾಯ, ಹಿಂದುಳಿದವರು ಅಷ್ಟೇ ರಭಸದಿಂದ ಬರುತ್ತಿರುತ್ತಾರೆ.

ದೊಡ್ಡವಳಿಗೆ ಅಪ್ಪನ ಬೆನ್ನಿನ ನಂಬರು ಹೇಳಿಕೊಟ್ಟಿದ್ದೆ. ಹೋಗುವಾಗ ನಂಬರು ಸಿಕ್ಕಿತು, ಕುಣಿದಳು. ಹಿಂದಿರುಗುವಾಗ ಗುಂಪು ಬಂತು, ಹೋಯಿತು, ಅಪ್ಪನ ನಂಬರು ಇಲ್ಲ. “ಅಮ್ಮಾ, ಅಪ್ಪ ಎಲ್ಲಿ?” ಆಂಬುಲೆನ್ಸೂ ಹಾದುಹೋಯಿತು. ನನ್ನ ಬಾಯಿ ಒಣಗಿತು. ಈ ಆಟದಲ್ಲಿ ಒಬ್ಬ ಬಿದ್ದರೆ ಹಿಂದಿನ ಹತ್ತು ಜನ ಬೀಳುತ್ತಾರೆಂದು ಬಲ್ಲವಳು ನಾನು. ಮಕ್ಕಳ ಮುಂದೆ ಅಳುವ ಹಾಗಿಲ್ಲ. “ಬರ್ತಾರೆ ಪುಟ್ಟಿ, ಎಣಿಸ್ತಾ ಇರು” ಅಂದೆ. ಅವಳು ಇನ್ನೂರರವರೆಗೆ ಎಣಿಸಿದಳು. ಆಗ ದೂರದಲ್ಲಿ ಮೂವರು ಕಂಡರು. ಅದರಲ್ಲಿ ನಮ್ಮವರೂ ಒಬ್ಬರು. ಮೊಣಕೈ ತರಚಿ ರಕ್ತ, ಬಟ್ಟೆ ಹರಿದಿದೆ, ಕಾಲು ಮಾತ್ರ ನಿಂತಿಲ್ಲ. ನಮ್ಮ ಮುಂದೆ ಹಾಯುವಾಗ ಎಡಗೈಯಿಂದ ಆ ಕಪ್ಪು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ನಕ್ಕರು. ಆ ಒಂದು ಗಳಿಗೆಯಲ್ಲಿ ಚಿಕ್ಕವನು, “ಅಪ್ಪಾ!” ಅಂದ. ನಾನು ಹೇಳಿಕೊಟ್ಟದ್ದಲ್ಲ.

ಮುಗಿಯುವ ಜಾಗದಲ್ಲಿ ಇವರ ಹತ್ತಿರ ಹೋದಾಗ ದೊಡ್ಡವಳು ಕೇಳಿದಳು, “ಅಪ್ಪ, ಸೋತ್ರಾ?” “ಹೂಂ ಪುಟ್ಟಿ, ಸೋತೆ.” “ಮತ್ತೆ ಯಾಕೆ ಪೂರ್ತಿ ತುಳಿದ್ರಿ?” ಅದಕ್ಕೆ ಇವರು, “ನೀವು ಇಲ್ಲಿ ಕಾಯ್ತಿದ್ರಲ್ಲ” ಅಂದರು.

ಅಮ್ಮ ಸವಾರಳಾದರೆ

ಇದೆಲ್ಲ ಅಪ್ಪಂದಿರ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ 2008, 2012, 2016 ಹೀಗೆ ಮೂರು ಒಲಿಂಪಿಕ್ಸ್‌ಗಳಲ್ಲಿ ಸೈಕ್ಲಿಂಗ್‌ನಲ್ಲಿ ಚಿನ್ನ ಗೆದ್ದಾಕೆ. 2010ರಲ್ಲಿ ಮಗ ಹುಟ್ಟಿದ. ರಿಯೋದಲ್ಲಿ ಮೂರನೆಯ ಚಿನ್ನ ಗೆದ್ದಾಗ ಮರುದಿನವೇ ಆಕೆಗೆ 43 ತುಂಬುವುದಿತ್ತು. ಆನಂದದಿಂದ ಅಳುತ್ತಿದ್ದ ಅಮ್ಮನನ್ನು ಆ ಪುಟ್ಟ ಮಗ, ಗೆದ್ದಿದ್ದೀಯಲ್ಲ, ಮತ್ತೆ ಯಾಕೆ ಅಳುತ್ತೀ ಎಂದು ಕೇಳಿದನಂತೆ. ನಮ್ಮ ಪುಟ್ಟಿಯ ಪ್ರಶ್ನೆಯ ಇನ್ನೊಂದು ಮಗ್ಗುಲು ನೋಡಿ!

ಇಂಗ್ಲೆಂಡಿನ ಲಿಜ್ಜೀ ಡೇಗ್ನನ್ 2018ರಲ್ಲಿ ಹೆಣ್ಣುಮಗುವಿನ ತಾಯಿಯಾದರು. ಅವರ ಗಂಡನೂ ಸೈಕಲ್ ಸವಾರರೇ. ಅದೇ ವರ್ಷ ಸ್ಪರ್ಧೆ ಬಿಟ್ಟು, ಮಗುವಿನ ಹೊಣೆಯನ್ನು ಅವರು ಹೊತ್ತರು. ಕಲ್ಲುಹಾಸಿನ ದಾರಿಯ ಪ್ಯಾರಿಸ್–ರೂಬೇ ಸ್ಪರ್ಧೆ ಗಂಡಸರಿಗೆ ನೂರು ವರ್ಷಕ್ಕೂ ಹಿಂದಿನಿಂದ ಇದ್ದದ್ದು, ಹೆಂಗಸರಿಗೆ ಮೊದಲ ಬಾರಿ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅದನ್ನು ಗೆದ್ದವರು ಮೂರು ವರ್ಷದ ಮಗುವಿನ ತಾಯಿಯಾದ ಇದೇ ಡೇಗ್ನನ್. ಮಹಿಳೆಯರ ಮೇಲ್ದರ್ಜೆಯ ತಂಡಗಳಲ್ಲಿ ಕನಿಷ್ಠ ಸಂಬಳ, ಹೆರಿಗೆ ರಜೆ ಎಂಬ ನಿಯಮ ಬಂದದ್ದೇ 2020ರಲ್ಲಿ. ಒಬ್ಬರು ತುಳಿಯಬೇಕಾದರೆ ಇನ್ನೊಬ್ಬರು ಮಗುವನ್ನು ಹಿಡಿಯಲೇಬೇಕು. ಹಿಡಿದವರ ಹೆಸರು ಫಲಿತಾಂಶದ ಪಟ್ಟಿಯಲ್ಲಿ ಬರುವುದಿಲ್ಲ, ಅಷ್ಟೆ.

ಆ ರಾತ್ರಿ ಉಳಿದುಕೊಂಡಿದ್ದ ಕೋಣೆಯಲ್ಲಿ ಮಕ್ಕಳು ಮಲಗಿದ ಮೇಲೆ ಇವರು, “ಮಗುವೇ ಗುರುತು ಹಿಡೀದೆ ಹೋದ್ರೆ ಇದೆಲ್ಲ ಯಾಕೆ? ಈ ವರ್ಷಕ್ಕೆ ಸಾಕು ಮಾಡ್ಲಾ?” ಎಂದರು. ನಾನು ಕೈಗೆ ಮುಲಾಮು ಹಚ್ಚುತ್ತ, “ಮಕ್ಕಳ ಹೆಸರು ಹೇಳಿ ಬಿಡಬೇಡಿ. ನಿಮ್ಮ ಕಾಲು ಸಾಕು ಅಂದಾಗ ಬಿಡಿ. ವರ್ಷಕ್ಕೆರಡು ಸಲ ನಾವೇ ಬರ್ತೀವಿ” ಅಂದೆ. ಮಾತು ಅಲ್ಲಿಗೆ ನಿಂತಿತು.

ಮಾರನೆಯ ದಿನ ಗೋಲಗುಂಬಜ್. 1656ರ ಹೊತ್ತಿಗೆ ಮುಗಿದ, ಮುಹಮ್ಮದ್ ಆದಿಲ್ ಷಾಹನ ಗೋರಿ. ಮೇಲಿನ ಪಿಸುಗುಡುವ ಮೊಗಸಾಲೆಗೆ ಕಿರಿದಾದ ಮೆಟ್ಟಿಲು ಹತ್ತಬೇಕು. ಹಿಂದಿನ ದಿನ ಅಷ್ಟು ತುಳಿದ ಕಾಲಿನಲ್ಲಿ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಇವರೇ ಹತ್ತಿದರು. ಒಮ್ಮೆ “ಅಪ್ಪಾ” ಎಂದರೆ ಗುಮ್ಮಟ ಮತ್ತೆ ಮತ್ತೆ “ಅಪ್ಪಾ” ಎನ್ನುತ್ತದೆ. ಚಿಕ್ಕವನಿಗೆ ಅದೇ ಆಟವಾಯಿತು. ಚಿಕ್ಕ ಮಕ್ಕಳಿದ್ದವರು ಬೆಳಿಗ್ಗೆ ಬೇಗ ಹೋಗಿ, ಜನ ಹೆಚ್ಚಿದ ಮೇಲೆ ಒಳಗೆ ಬರೀ ಗದ್ದಲ.

ಲಾರಿ ಓಡಿಸುವವರ, ಸೇನೆಯಲ್ಲಿರುವವರ, ದೂರದೂರಲ್ಲಿ ನೌಕರಿ ಮಾಡುವವರ ಮನೆಗಳಲ್ಲೂ ನಮ್ಮ ಚಿಕ್ಕವನಂಥ ಮಕ್ಕಳಿದ್ದಾರೆ. ಸಾಧ್ಯವಾದರೆ ಒಮ್ಮೆ ಕರೆದೊಯ್ದು ಅಪ್ಪನೋ ಅಮ್ಮನೋ ಎಲ್ಲಿ, ಹೇಗೆ ದುಡಿಯುತ್ತಾರೆಂದು ತೋರಿಸಿ. ಖರ್ಚು, ಆಯಾಸ ಎರಡೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಚಿಕ್ಕವನು ಈಗ “ಅಪ್ಪ ಎಲ್ಲೋ?” ಅಂದರೆ ಗೋಡೆಯ ಪದಕ ತೋರಿಸುವುದಿಲ್ಲ. ಎರಡೂ ಕೈ ಮುಂದೆ ಚಾಚಿ, ಬಗ್ಗಿ, ಕಾಲು ತಿರುಗಿಸುತ್ತ ಅಂಗಳದ ತುಂಬ ಓಡುತ್ತಾನೆ. ಹಜಾರದಲ್ಲಿ ಕೂತ ಅತ್ತೆಯವರು ಅವನಿಗೆ ಲೋಟದಲ್ಲಿ ನೀರು ಹಿಡಿದು, “ಕುಡಿಯಪ್ಪಾ, ಎದುರುಗಾಳಿ ಇದೆ” ಅನ್ನುತ್ತಾರೆ.